ನೆಲವೂ ಒಮ್ಮೊಮ್ಮೆ ಡೊಂಕಾಗಿರುತ್ತದೆ

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಮಕ್ಕಳ ಬಾಯಿ ಮುಚ್ಚಿಸಲು ಹಿರಿಯರ ಕೈಯಲ್ಲಿರುವ ಗಾದೆಗಳಲ್ಲಿ ಇದರಷ್ಟು ಹರಿತವಾದದ್ದು ಇನ್ನೊಂದಿಲ್ಲ. ಇದನ್ನು ಕೇಳಿದ ಮೇಲೆ ಮಗು ಮರುಮಾತಾಡುವಂತಿಲ್ಲ. ಆಡಿದರೆ ಗಾದೆಯ ಪರವಾಗಿಯೇ ಸಾಕ್ಷಿ ನುಡಿದಂತಾಗುತ್ತದೆ. ಮಂಜೇಶ್ವರ ತಾಲೂಕಿನ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಒಂಬತ್ತನೆಯ ತರಗತಿಯಲ್ಲಿದ್ದ ಹುಡುಗನೊಬ್ಬ ಈ ಗಾದೆಯನ್ನು ತನ್ನ ತಂದೆಯ ಬಾಯಿಂದಲೇ ಕೇಳಿದ. ಆ ಬಳಿಕ ಎರಡು ತಿಂಗಳ ಕಾಲ ಆತ ಕಾಲುನೋವಿನ ಮಾತೆತ್ತಲಿಲ್ಲ.

ಕೇರಳದ ಶಾಲಾ ಕಲೋತ್ಸವದಲ್ಲಿ ಯಕ್ಷಗಾನಕ್ಕೆ ಸ್ಥಾನವಿರುವುದು ಗಡಿನಾಡಿನ ಮನೆಗಳಿಗೆಲ್ಲ ತಿಳಿದದ್ದೇ. ಅದೇ ಪಟ್ಟಿಯಲ್ಲಿ ‘ಟ್ರಿಪಲ್–ಜಾಝ್’ ಎಂಬ ಪಾಶ್ಚಾತ್ಯ ತಾಳವಾದ್ಯದ ಸ್ಪರ್ಧೆಯೂ ಇದೆ ಎಂಬುದನ್ನು ನಮ್ಮ ಶಾಲೆಗಳು ಅಷ್ಟಾಗಿ ಗಮನಿಸುವುದಿಲ್ಲ. ಈ ಹುಡುಗನ ಶಾಲೆಗೆ ಹಳೆಯ ವಿದ್ಯಾರ್ಥಿಗಳು ಒಂದು ಡ್ರಮ್ ಸೆಟ್ಟನ್ನು ಕೊಡುಗೆಯಾಗಿ ಕೊಟ್ಟಿದ್ದರು. ಅದು ಹೊಸತಲ್ಲ, ಯಾವುದೋ ರಸಮಂಜರಿ ತಂಡದಲ್ಲಿ ವರ್ಷಗಟ್ಟಲೆ ದುಡಿದು ಬಂದದ್ದು. ಶಾಲೆಯ ಯಕ್ಷಗಾನ ತಂಡದಲ್ಲಿ ಚೆಂಡೆಯ ಪ್ರಾಥಮಿಕ ಪಾಠಗಳನ್ನು ಕಲಿತಿದ್ದ ಹುಡುಗ ಅದರ ಮುಂದೆ ಕುಳಿತ ದಿನವೇ ಕೈ ಓಡತೊಡಗಿತು. ಕೋಲು ಹಿಡಿಯುವುದು, ಏಟಿನ ಬಳಿಕ ಅದನ್ನು ತಾನಾಗಿ ಪುಟಿಯಲು ಬಿಡುವುದು, ಲಯವನ್ನು ಮನಸ್ಸಿನಲ್ಲಿ ಎಣಿಸುವುದು ಇವೆಲ್ಲ ಆತನಿಗೆ ಮೊದಲೇ ಒಲಿದಿದ್ದವು. ಒಲಿಯದೆ ಉಳಿದದ್ದು ಬಲಗಾಲು ಮಾತ್ರ.

ತೆಂಕುತಿಟ್ಟಿನ ಚೆಂಡೆಯವನು ವಾದ್ಯವನ್ನು ಹೆಗಲಿಗೆ ನೇತುಹಾಕಿ ನಿಂತು ಬಾರಿಸುತ್ತಾನೆ; ಅವನ ಕಾಲಿಗೆ ನಿಲ್ಲುವ ಕೆಲಸವಷ್ಟೇ. ಡ್ರಮ್ ಸೆಟ್ಟಿನಲ್ಲಿ ಹಾಗಲ್ಲ. ನೆಲದ ಮೇಲೆ ಮಲಗಿದಂತಿರುವ ದೊಡ್ಡ ಬೇಸ್ ಡ್ರಮ್ಮನ್ನು ಬಾರಿಸಬೇಕಾದದ್ದು ಕಾಲು. ಪೆಡಲಿನ ಪಾದಫಲಕವನ್ನು ಒತ್ತಿದಾಗ ಅದಕ್ಕೆ ಕಟ್ಟಿದ ಸರಪಳಿ ಮೇಲಿನ ಅಚ್ಚನ್ನು ತಿರುಗಿಸುತ್ತದೆ. ಅಚ್ಚಿಗೆ ಸಿಕ್ಕಿಸಿದ ಬೀಟರ್ ಮುಂದಕ್ಕೆ ಬಂದು ಚರ್ಮಕ್ಕೆ ಬಡಿಯುತ್ತದೆ. ಪಕ್ಕದ ಸ್ಪ್ರಿಂಗ್ ಅದನ್ನು ಹಿಂದಕ್ಕೆ ಎಳೆಯುತ್ತದೆ. ಯಂತ್ರ ಇಷ್ಟೇ. ಆದರೆ ಕೈಗೂ ಕೋಲಿಗೂ ನಡುವೆ ಬೇರೇನೂ ಇಲ್ಲ, ಕಾಲಿಗೂ ಏಟಿಗೂ ನಡುವೆ ಐದಾರು ಬಿಡಿಭಾಗಗಳಿವೆ. ಅವುಗಳಲ್ಲಿ ಒಂದು ತಪ್ಪಿದರೂ ಅಪವಾದ ಬರುವುದು ಕಾಲಿಗೆ.

ಈ ಯಂತ್ರದ ಚರಿತ್ರೆಯೇ ಒಂದು ದೂರಿನಿಂದ ಆರಂಭವಾದದ್ದು. ಹಿಂದೆ ಅಮೆರಿಕದ ರಂಗಮಂದಿರಗಳಲ್ಲಿ ಒಬ್ಬನೇ ವಾದಕ ದೊಡ್ಡ ಡ್ರಮ್ಮನ್ನೂ ಸಣ್ಣ ಡ್ರಮ್ಮನ್ನೂ ಒಂದರ ಪಕ್ಕ ಒಂದಿಟ್ಟು ಕೈಕೋಲುಗಳಿಂದಲೇ ನಿಭಾಯಿಸುವ ಪದ್ಧತಿ ಇತ್ತು. ಕಾಲಿನಿಂದ ಬಾರಿಸುವ ಸಲಕರಣೆಗಳು ಬಂದಿದ್ದರೂ ಆ ಕಾಲದ ರ‍್ಯಾಗ್‌ಟೈಮ್ ಸಂಗೀತದ ಓಟಕ್ಕೆ ಅವು ಸಾಲುತ್ತಿರಲಿಲ್ಲ. ಚಿಕಾಗೋದ ಡ್ರಮ್ ವಾದಕ ವಿಲಿಯಂ ಲುಡ್ವಿಗ್ ಈ ತೊಡಕನ್ನು ಸ್ವತಃ ಅನುಭವಿಸಿದವನು. ತನ್ನ ಕಾಲು ನಿಧಾನ ಎಂದು ಆತ ಸುಮ್ಮನಾಗಲಿಲ್ಲ. ಪೆಡಲನ್ನೇ ಬೇರೆಯಾಗಿ ರೂಪಿಸಿದ. ಸಹೋದರ ಥಿಯೋಬಾಲ್ಡನೊಂದಿಗೆ 1909ರಲ್ಲಿ ಅದರ ತಯಾರಿಕೆಗೆ ತೊಡಗಿದ. ಇಂದು ಜಗತ್ತಿನ ಯಾವುದೇ ಡ್ರಮ್ ಸೆಟ್ಟಿನ ಮುಂದೆ ವಾದಕ ಕುಳಿತೇ ಬಾರಿಸುವಂತಾಗಿದ್ದರೆ ಅದಕ್ಕೆ ಮುಖ್ಯ ಕಾರಣ ಆ ಬಗೆಯ ಪೆಡಲ್. ಕುಣಿಯಬಲ್ಲವನೇ ನೆಲ ಡೊಂಕೆಂದು ಹೇಳಿ, ನೆಲವನ್ನು ತಿದ್ದಿದ ಪ್ರಸಂಗವಿದು.

ಹುಡುಗನಿಗೆ ಈ ಕಥೆ ತಿಳಿದಿರಲಿಲ್ಲ. ತಿಳಿದಿದ್ದರೂ ಹೇಳುವ ಧೈರ್ಯ ಇರುತ್ತಿರಲಿಲ್ಲ. ಅಭ್ಯಾಸಕ್ಕೆ ಕುಳಿತ ಹತ್ತು ನಿಮಿಷಗಳಲ್ಲಿ ಮೀನಖಂಡ ಬಿಗಿಯುತ್ತಿತ್ತು. ಕೈಯ ಏಟಿಗಿಂತ ಕಾಲಿನ ಏಟು ಒಂದು ಎಳೆಯಷ್ಟು ತಡವಾಗಿ ಕೇಳಿಸುತ್ತಿತ್ತು. ವಾರಕ್ಕೊಮ್ಮೆ ಬಂದು ಕಲಿಸುತ್ತಿದ್ದವರು, ಕೈ ಒಳ್ಳೆಯದಿದೆ, ಕಾಲಿನಲ್ಲಿ ಲಯವಿಲ್ಲ, ಈ ವರ್ಷ ಸ್ಪರ್ಧೆಯ ಯೋಚನೆ ಬೇಡ ಎಂದರು. ಪೆಡಲ್ ಗಟ್ಟಿಯಾಗಿದೆ ಎಂದು ಹುಡುಗ ಮನೆಯಲ್ಲಿ ಹೇಳಿದ. ತಂದೆಗೆ ಹೆದ್ದಾರಿಯ ಬದಿಯಲ್ಲಿ ದ್ವಿಚಕ್ರ ವಾಹನಗಳ ದುರಸ್ತಿ ಅಂಗಡಿ. ಮುಸ್ಸಂಜೆಯ ವೇಳೆ, ಕೈಯಲ್ಲಿ ಮುಗಿಯದ ಕೆಲಸ. ಗಾದೆ ತಾನಾಗಿ ಬಾಯಿಗೆ ಬಂತು.

ತಾಯಿ ಮಾತ್ರ ಅದನ್ನು ಅಷ್ಟಕ್ಕೆ ಬಿಡಲಿಲ್ಲ. ರಾತ್ರಿ ಮಗ ನಿದ್ದೆಯಲ್ಲಿ ಕಾಲನ್ನು ಸೆಳೆದುಕೊಳ್ಳುವುದನ್ನು ಆಕೆ ಕಂಡಿದ್ದಳು. ಮಂಗಳೂರಿನ ಅಂಗಡಿಯಲ್ಲಿ ಜೋಡಿ ಸರಪಳಿಯ ಉತ್ತಮ ಪೆಡಲ್ ಸಿಗುತ್ತದೆಯೆಂದು ಯಾರೋ ಹೇಳಿದರು. ಅದರ ಬೆಲೆ ಆ ಮನೆಯ ಎರಡು ತಿಂಗಳ ಖರ್ಚಿಗೆ ಸಮ. ಬೀಡಿ ಕಟ್ಟಿ ಉಳಿಸಿದ್ದಕ್ಕೆ ಕುಟುಂಬಶ್ರೀ ಸಂಘದ ಸಾಲವನ್ನು ಸೇರಿಸಿದರೆ ಆದೀತು ಎಂದು ಆಕೆ ಲೆಕ್ಕ ಹಾಕಿದಳು. ಅರ್ಜಿಯೂ ಸಿದ್ಧವಾಯಿತು. ಅಂದರೆ, ಒಂದೇ ಮನೆಯಲ್ಲಿ ಎರಡು ತೀರ್ಪುಗಳು ಹೊರಬಿದ್ದಿದ್ದವು. ತಂದೆಯ ಪ್ರಕಾರ ತಪ್ಪು ಕಾಲಿನದು. ತಾಯಿಯ ಪ್ರಕಾರ ತಪ್ಪು ಪೆಡಲಿನದು. ಎರಡೂ ವಿಚಾರಣೆಯಿಲ್ಲದ ತೀರ್ಪುಗಳೇ. ಆ ಪೆಡಲನ್ನು ಬಗ್ಗಿ ನೋಡಿದವರು ಯಾರೂ ಇರಲಿಲ್ಲ.

ವಿಚಾರಣೆ ನಡೆದದ್ದು ಆಕಸ್ಮಿಕವಾಗಿ. ಹಿಂದೆ ರಸಮಂಜರಿ ತಂಡಗಳಲ್ಲಿ ಡ್ರಮ್ ಬಾರಿಸಿ ಈಗ ವಿಶ್ರಾಂತಿಯಲ್ಲಿದ್ದ ಹಿರಿಯರೊಬ್ಬರು ತಮ್ಮ ಸ್ಕೂಟರಿನ ದುರಸ್ತಿಗೆ ಅಂಗಡಿಗೆ ಬಂದರು. ಮಾತಿಗೆ ಮಾತು ಬೆಳೆದು ವಿಷಯ ತಿಳಿದಾಗ ಅವರು ಪೆಡಲಿನ ಬೆಲೆಯನ್ನಾಗಲಿ ಬ್ರಾಂಡನ್ನಾಗಲಿ ಕೇಳಲಿಲ್ಲ. “ನಾಡಿದ್ದು ಶನಿವಾರ ಶಾಲೆಗೆ ಹೋಗೋಣ, ನಿಮ್ಮ ಸ್ಪ್ಯಾನರ್ ಚೀಲವೂ ಜೊತೆಗಿರಲಿ” ಎಂದರು.

ಶನಿವಾರ ಅವರು ಮೊದಲು ಹುಡುಗನನ್ನು ಬರಿಯ ಬೆಂಚಿನ ಮೇಲೆ ಕೂರಿಸಿದರು. ಕೈಯಲ್ಲಿ ತೊಡೆಯನ್ನು ತಟ್ಟುತ್ತ, ಬಲಗಾಲಿನಿಂದ ಸಿಮೆಂಟಿನ ನೆಲವನ್ನು ತಟ್ಟಲು ಹೇಳಿದರು. ಕಾಲು ಒಂದು ಎಳೆಯೂ ತಪ್ಪಲಿಲ್ಲ. ವೇಗ ಹೆಚ್ಚಿಸಿದರು, ಆಗಲೂ ತಪ್ಪಲಿಲ್ಲ. ಬಳಿಕ ಅದೇ ತಾಳವನ್ನು ಡ್ರಮ್ ಸೆಟ್ಟಿನಲ್ಲಿ ನುಡಿಸಲು ಹೇಳಿದರು. ಕಾಲು ತಡವಾಯಿತು. “ಲಯ ಕಾಲಿನಲ್ಲಿದೆ, ದಾರಿಯಲ್ಲಿ ಎಲ್ಲೋ ಕಳೆದುಹೋಗುತ್ತಿದೆ” ಎಂದು ಅವರು ನೆಲಕ್ಕೆ ಕುಕ್ಕರಗಾಲಲ್ಲಿ ಕುಳಿತರು. ತಂದೆಯೂ ಪಕ್ಕದಲ್ಲಿ ಕುಳಿತ.

ಅವರು ಒಂದು ನೋಟ್‌ಬುಕ್ಕಿನ ರಟ್ಟನ್ನು ಪೆಡಲಿನ ತಳದ ಕೆಳಗೆ ತೂರಿಸಿದರು. ಒಂದು ಮೂಲೆಯಲ್ಲಿ ಅದು ಸಲೀಸಾಗಿ ಒಳಹೋಯಿತು. ಡ್ರಮ್ಮಿನ ಮುಂಗಾಲುಗಳಲ್ಲಿ ಒಂದು ಇನ್ನೊಂದಕ್ಕಿಂತ ಉದ್ದವಾಗಿ ಚಾಚಿದ್ದರಿಂದ ಡ್ರಮ್ ಓರೆಯಾಗಿತ್ತು. ಅದರ ಬಳೆಯನ್ನು ಕಚ್ಚಿ ಹಿಡಿದಿದ್ದ ಪೆಡಲೂ ಓರೆಯಾಗಿ ಒಂದು ಮೂಲೆಯಲ್ಲಿ ನೆಲ ಬಿಟ್ಟಿತ್ತು. ನೆಲ ನಿಜವಾಗಿಯೂ ಡೊಂಕಾಗಿತ್ತು. ತಂದೆ ಮಾತಾಡಲಿಲ್ಲ. ಸರಪಳಿ, ಸ್ಪ್ರಿಂಗ್, ಬೇರಿಂಗ್, ಚಿಟ್ಟೆನಟ್ಟು ಇವು ಆತ ದಿನವೂ ಮುಟ್ಟುವ ವಸ್ತುಗಳೇ. ಸಂಗೀತದ ಸಾಮಾನು, ತನಗೆ ತಿಳಿಯದ್ದು ಎಂದು ಇಷ್ಟು ದಿನ ದೂರ ನಿಂತಿದ್ದ.

ಅಲ್ಲಿಂದ ಕೆಲಸ ಕ್ರಮವಾಗಿ ಸಾಗಿತು. ಮೊದಲಿಗೆ ಮುಂಗಾಲುಗಳನ್ನು ಸಮ ಮಾಡಿ, ಡ್ರಮ್ಮಿನ ಮುಂಭಾಗ ನೆಲದಿಂದ ಒಂದು ಬೆರಳಿನಷ್ಟು ಮೇಲಿರುವಂತೆ ನಿಲ್ಲಿಸಿ, ಪೆಡಲನ್ನು ಬಳೆಯ ನಟ್ಟನಡುವೆ ಮತ್ತೆ ಕಚ್ಚಿಸಿದರು. ಎರಡನೆಯದು ಆಸನ. ಅದು ಬೆಳೆದವನ ಎತ್ತರಕ್ಕೆ ನಿಂತಿತ್ತು. ಹುಡುಗ ಅದರ ಅಂಚಿಗೆ ಜಾರಿ ತುದಿಗಾಲಿನಲ್ಲಿ ತುಳಿಯುತ್ತಿದ್ದ. ತೊಡೆ ಸೊಂಟದಿಂದ ಮಂಡಿಯ ಕಡೆಗೆ ತುಸುವೇ ಇಳಿಜಾರಾಗಿ, ಹಿಮ್ಮಡಿ ಫಲಕದ ಮೇಲೆ ಆರಾಮವಾಗಿ ಕೂರುವಷ್ಟಕ್ಕೆ ತಗ್ಗಿಸಿದರು. ಮೂರನೆಯದು ಬೀಟರಿನ ಎತ್ತರ. 22 ಇಂಚಿನ ಡ್ರಮ್ಮಿಗೆ ಏಟು ನಡುಬಿಂದುವಿನ ಆಸುಪಾಸಿನಲ್ಲಿ ಬೀಳಬೇಕು. ಕೋಲನ್ನು ಎತ್ತರಿಸಿದಷ್ಟೂ ಏಟಿಗೆ ಭಾರ ಬರುತ್ತದೆ, ಚುರುಕು ಕಡಿಮೆಯಾಗುತ್ತದೆ. ಬೀಟರಿನ ಮುಖ ಚರ್ಮಕ್ಕೆ ಸಪಾಟಾಗಿ ತಾಗಬೇಕು. ಅಂಚು ತಾಗಿದರೆ ಚರ್ಮದಲ್ಲಿ ತಗ್ಗು ಬೀಳುತ್ತದೆ.

ನಾಲ್ಕನೆಯದಾಗಿ, ವಿಶ್ರಾಂತಿಯಲ್ಲಿರುವಾಗ ಬೀಟರ್ ಎಷ್ಟು ಹಿಂದಕ್ಕೆ ವಾಲಿರಬೇಕು ಎಂಬ ಪ್ರಶ್ನೆ. ಚರ್ಮದಿಂದ ಸುಮಾರು 45 ಡಿಗ್ರಿ ಎಂಬುದು ಆರಂಭಕ್ಕೆ ತಕ್ಕ ಅಳತೆ. ಇಲ್ಲಿ ಅದು ಅದಕ್ಕಿಂತ ಬಹಳ ಹಿಂದಕ್ಕೆ ವಾಲಿತ್ತು. ದೂರದಿಂದ ಬಂದ ಏಟಿಗೆ ಬಲ ಹೆಚ್ಚು, ಆದರೆ ತಲುಪಲು ಸಮಯವೂ ಹೆಚ್ಚು. ಹುಡುಗನ ಲಯ ಕಳೆದುಹೋಗುತ್ತಿದ್ದ ದಾರಿ ಅದೇ. ಕೊನೆಯದು ಸ್ಪ್ರಿಂಗ್. ಹಿಂದಿನ ವಾದಕ ದಷ್ಟಪುಷ್ಟ ಆಳಾಗಿದ್ದಿರಬೇಕು. ತನ್ನ ಕಾಲಿನ ಭಾರಕ್ಕೆ ತಕ್ಕಂತೆ ಬಿಗಿದಿದ್ದ. ಹಿರಿಯರು ಅದನ್ನು ಪೂರ್ತಿ ಸಡಿಲಿಸಿ, ಹುಡುಗ ನಿಧಾನವಾಗಿ ನುಡಿಸುತ್ತಿದ್ದಂತೆ ಅರ್ಧರ್ಧ ಸುತ್ತು ಬಿಗಿಯುತ್ತ ಬಂದರು. ಸ್ಪ್ರಿಂಗ್ ತೀರ ಸಡಿಲವಾದರೆ ಬೀಟರ್ ಹೊತ್ತಿಗೆ ಸರಿಯಾಗಿ ಹಿಂದಿರುಗುವುದಿಲ್ಲ, ತೀರ ಬಿಗಿಯಾದರೆ ಪ್ರತಿ ಏಟಿಗೂ ಸ್ಪ್ರಿಂಗಿನೊಡನೆ ಜಗಳ. ಫಲಕ ಪಾದಕ್ಕೆ ಅಂಟಿಕೊಂಡಂತೆ ಹಿಂಬಾಲಿಸಿ ಮೇಲೆ ಬರುವ ಜಾಗದಲ್ಲಿ ನಿಲ್ಲಿಸಬೇಕು. ಆ ಜಾಗ ಯಾವುದೆಂದು ಹೊರಗಿನವರಿಗೆ ಕಾಣದು; ಕಾಲಿನ ಒಡೆಯನೇ ಹೇಳಬೇಕು. “ಈಗ ಹೇಗಿದೆ?” ಎಂದು ಅವರು ಪ್ರತಿ ಅರ್ಧ ಸುತ್ತಿಗೂ ಕೇಳುತ್ತಿದ್ದರು. ಎರಡು ತಿಂಗಳಲ್ಲಿ ಆ ಪ್ರಶ್ನೆಯನ್ನು ಹುಡುಗನಿಗೆ ಕೇಳಿದವರು ಅವರೊಬ್ಬರೇ. ಆರೇಳು ಸಲ “ಗಟ್ಟಿ”, “ಇನ್ನೂ ಸ್ವಲ್ಪ” ಎಂದ ಹುಡುಗ ಒಮ್ಮೆ ಉತ್ತರ ಕೊಡದೆ ನುಡಿಸುತ್ತಲೇ ಇದ್ದುಬಿಟ್ಟ. ಹಿರಿಯರು ಸ್ಪ್ರಿಂಗಿನಿಂದ ಕೈ ತೆಗೆದರು.

ಬೇರಿಂಗಿಗೆ ಎಣ್ಣೆ ಬಿಟ್ಟದ್ದು ತಂದೆ. ಕಿರುಗುಟ್ಟುವುದು ಕಳಪೆ ಪೆಡಲಿನ ಲಕ್ಷಣವೇನೂ ಅಲ್ಲ ಎಂದು ಹಿರಿಯರು ನಕ್ಕರು. ಅದೇ ವಿಲಿಯಂ ಲುಡ್ವಿಗ್ 1937ರಲ್ಲಿ ಹೊರತಂದ ‘ಸ್ಪೀಡ್ ಕಿಂಗ್’ ಪೆಡಲಿನ ಸ್ಪ್ರಿಂಗುಗಳು ಎರಡು ಕಂಬಗಳ ಒಳಗೆ ಅಡಗಿದ್ದವು. ಬೀಟಲ್ಸ್ ತಂಡದ ರಿಂಗೋ ಸ್ಟಾರ್, ಲೆಡ್ ಝೆಪೆಲಿನ್ ತಂಡದ ಜಾನ್ ಬಾನಮ್ ಅದನ್ನೇ ತುಳಿದವರು. ಬಾನಮ್‌ನ ಪೆಡಲಿನ ಕಿರುಗುಟ್ಟು 1970ರ ಧ್ವನಿಮುದ್ರಿಕೆಯೊಂದರಲ್ಲಿ ಇಂದಿಗೂ ಕೇಳಿಸುತ್ತದೆ.

ಹೊಸ ಪೆಡಲಿನ ಪ್ರಶ್ನೆಯನ್ನು ಕೊನೆಗೆ ತಂದೆಯೇ ಎತ್ತಿದ. ಹಿರಿಯರು ಬೇಡವೆನ್ನಲಿಲ್ಲ, ಈಗಲ್ಲ ಎಂದರು. ಕೊಳ್ಳುವ ದಿನ ಬಂದಾಗ ನೋಡಬೇಕಾದದ್ದನ್ನು ವಿವರಿಸಿದರು. ಅಚ್ಚನ್ನು ಹಿಡಿದು ಪಕ್ಕಕ್ಕೆ ಅಲುಗಿಸಿದರೆ ಗಡಗಡ ಎನ್ನಬಾರದು. ಬೀಟರನ್ನು ಬೆರಳಿನಿಂದ ಎಳೆದು ಬಿಟ್ಟರೆ ತಡೆಯಿಲ್ಲದೆ ಹಲವು ಸಲ ತೂಗಾಡಬೇಕು. ತಳದಲ್ಲಿ ಲೋಹದ ಹಲಗೆಯಿದ್ದರೆ ತುಳಿದಾಗ ಸರಿದಾಡುವುದು ಕಡಿಮೆ. ಪಟ್ಟಿಯ ಪೆಡಲ್ ಹಗುರ, ಸರಪಳಿಯದು ದೃಢ, ನೇರ ಲೋಹದ ಕೊಂಡಿಯದು ಚುರುಕು. ಸರಪಳಿ ಸುತ್ತುವ ಚಕ್ರ ದುಂಡಗಿದ್ದರೆ ಒತ್ತಡ ಒಂದೇ ಸಮನಾಗಿರುತ್ತದೆ, ಅಂಡಾಕಾರವಾಗಿದ್ದರೆ ಏಟು ಸಮೀಪಿಸಿದಂತೆ ವೇಗ ಹೆಚ್ಚುತ್ತದೆ. ಕಲಿಯುವವನಿಗೆ ದುಂಡಗಿನದೇ ಲೇಸು. ಜೋಡಿ ಸರಪಳಿ ಅನಿವಾರ್ಯವಲ್ಲ. ಸ್ಪ್ರಿಂಗ್, ಬೀಟರ್ ಊರಿನ ಸಮೀಪದಲ್ಲಿ ಬಿಡಿಯಾಗಿ ಸಿಗುವಂಥದಾಗಿರಬೇಕು. ಎಲ್ಲಕ್ಕಿಂತ ಮಿಗಿಲಾಗಿ, ತುಳಿಯುವ ಕಾಲು ಅಂಗಡಿಗೆ ಹೋಗಬೇಕು. ಮಗನ ಪೆಡಲನ್ನು ತಂದೆ ಒಬ್ಬನೇ ಹೋಗಿ ತರುವಂತಿಲ್ಲ.

ಆ ತಿಂಗಳು ಕೊಂಡದ್ದು ಉಣ್ಣೆಯ ಹೊಸ ಬೀಟರ್ ಒಂದು, ಏಟು ಬೀಳುವಲ್ಲಿ ಅಂಟಿಸುವ ತೇಪೆ ಒಂದು. ಕುಟುಂಬಶ್ರೀಯ ಅರ್ಜಿ ಸಂಘಕ್ಕೆ ಹೋಗಲೇ ಇಲ್ಲ. ಮೀನಖಂಡದ ನೋವು ವಾರದೊಳಗೆ ಇಳಿಯಿತು. ಕಾಲಿನ ಚುರುಕು ಬರಲು ಮಾತ್ರ ತಿಂಗಳುಗಳು ಹಿಡಿದವು. ಹೊಂದಿಸಿದ ಮಾತ್ರಕ್ಕೆ ಯಾವ ಪೆಡಲೂ ವಿದ್ಯೆ ಕೊಡುವುದಿಲ್ಲ. ವಿದ್ಯೆಗೆ ಅಡ್ಡ ನಿಲ್ಲುವುದನ್ನು ಬಿಡುತ್ತದೆ, ಅಷ್ಟೇ. ಉಪಜಿಲ್ಲಾ ಕಲೋತ್ಸವದಲ್ಲಿ ಆತನಿಗೆ ದೊರೆತದ್ದು ಬಿ ಗ್ರೇಡ್. ಮನೆಯಲ್ಲಿ ಅದನ್ನು ಯಾರೂ ಕಡಿಮೆಯೆಂದು ಎಣಿಸಲಿಲ್ಲ.

ತಂದೆ ಮಗನಲ್ಲಿ ಕ್ಷಮೆ ಕೇಳಲಿಲ್ಲ. ನಮ್ಮ ಮನೆಗಳಲ್ಲಿ ಆ ವಾಡಿಕೆ ಇಲ್ಲ. ಆದರೆ ಅಂಗಡಿಯ ಒಂದು ಸಣ್ಣ ಸ್ಪ್ಯಾನರನ್ನು ತೊಳೆದು ಒರೆಸಿ ಮಗನ ಶಾಲಾಚೀಲದಲ್ಲಿ ಇಟ್ಟ. ಮರುವರ್ಷ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಅದೇ ಡ್ರಮ್ ಸೆಟ್ಟಿಗೆ ಕೂರಲು ಬಂದಳು. ಆಕೆ ಹುಡುಗನಿಗಿಂತ ಎತ್ತರ. ಅವನು ತನ್ನ ಅಳತೆಗಳನ್ನು ಬಿಳಿ ಬಣ್ಣದ ಚುಕ್ಕೆಗಳಿಂದ ಗುರುತಿಸಿಟ್ಟು, ಆಸನವನ್ನು ಎತ್ತರಿಸಿ, ಸ್ಪ್ರಿಂಗನ್ನು ಪೂರ್ತಿ ಸಡಿಲಿಸಿದ. ಬಳಿಕ ಅರ್ಧ ಸುತ್ತು ಬಿಗಿದು, ನೆಲದಲ್ಲಿ ಕುಳಿತಲ್ಲಿಂದಲೇ ತಲೆಯೆತ್ತಿ ಕೇಳಿದ:

“ಈಗ ಹೇಗಿದೆ?”