ಗೆಲ್ಲುವವನಾರು?

ನಾಳೆ ನಡೆಯುವುದನ್ನು ಇಂದೇ ಹೇಳಿಬಿಡಬೇಕೆಂಬ ಹಂಬಲವು ಮನುಷ್ಯನಿಗೆ ಹುಟ್ಟಿನೊಡನೆ ಬಂದುದು. ಹಾಸನದ ಸೀಮೆಯ ರೈತನು ಹಸ್ತಾ ಮಳೆಯು ಹೇಗೆ ಹೊರಟುಹೋಯಿತೆಂಬುದನ್ನು ನೋಡಿ ಚಿತ್ತಾ ಮಳೆಯ ಮಾತನ್ನಾಡುತ್ತಾನೆ. ಚನ್ನರಾಯಪಟ್ಟಣದ ಕಡೆ ತೆಂಗಿನ ಫಸಲನ್ನು ಮರದ ಮೇಲೆಯೇ ಗುತ್ತಿಗೆ ಹಿಡಿಯುವವನು ಕತ್ತೆತ್ತಿ ಗೊನೆಗಳನ್ನು ನೋಡಿ ತೋಟದ ಬೆಲೆಯನ್ನು ಕಟ್ಟುತ್ತಾನೆ. ಆಲೂಗೆಡ್ಡೆ ಹಾಕುವವನು ಬೀಜವನ್ನು ನೆಲಕ್ಕೆ ಇಡುವಾಗಲೇ ಕೆಲವು ತಿಂಗಳ ಮೇಲಣ ಪೇಟೆಯ ಧಾರಣೆಯನ್ನು ಮನಸ್ಸಿನಲ್ಲಿ ಗುಣಿಸಿಕೊಂಡಿರುತ್ತಾನೆ. ಇವರಲ್ಲಿ ಒಬ್ಬರೂ ಜ್ಯೋತಿಷಿಗಳಲ್ಲ. ಆದರೂ ಭವಿಷ್ಯವನ್ನು ನುಡಿಯದೆ ಇವರಿಗೆ ಒಂದು ದಿನವೂ ಸಾಗದು. ನುಡಿದುದು ತಪ್ಪಿದರೆ ದಂಡವನ್ನು ತೆರುವವರೂ ಇವರೇ.

ದಂಡ ತೆರಬೇಕಾದ ಅಗತ್ಯವಿಲ್ಲದೆ ಕೇವಲ ವಿನೋದಕ್ಕಾಗಿ ಭವಿಷ್ಯ ನುಡಿಯುವವರೂ ಉಂಟು. ಶಾಂತಿಗ್ರಾಮದಲ್ಲಿ ಅಂತಹ ನಿವೃತ್ತ ಉಪಾಧ್ಯಾಯರೊಬ್ಬರು ಇದ್ದಾರೆ. ಹೊಯ್ಸಳರ ಪಟ್ಟಮಹಿಷಿ ಶಾಂತಲದೇವಿಯ ಹೆಸರನ್ನು ಹೊತ್ತ ಈ ಊರು ಹಾಸನದಿಂದ ಚನ್ನರಾಯಪಟ್ಟಣಕ್ಕೆ ಹೋಗುವ ಹೆದ್ದಾರಿಯ ಮೇಲಿದೆ. ಆ ದಾರಿಯಲ್ಲಿ ಮೇಷ್ಟರು ಬಹುಕಾಲ ಬೈಸಿಕಲ್ ತುಳಿದು ಶಾಲೆಗೆ ಹೋಗಿಬಂದವರು. ಎದುರುಗಾಳಿಯ ದಿನ ಹುಲ್ಲಿನ ಗಾಡಿಯೊಂದು ಮುಂದೆ ಸಿಕ್ಕಿದರೆ ಅದರ ಮರೆಯಲ್ಲಿ ಹೋಗುವುದು ಎಷ್ಟು ಹಗುರವೆಂಬುದನ್ನು ಅವರ ಮೊಣಕಾಲುಗಳು ಯಾವ ಪುಸ್ತಕದ ನೆರವೂ ಇಲ್ಲದೆ ಕಲಿತಿದ್ದುವು. ಆದುದರಿಂದಲೇ ಅವರಿಗೆ ಯೂರೋಪಿನ ಬೈಸಿಕಲ್ ಪಂದ್ಯಗಳಲ್ಲಿ ಆಸಕ್ತಿ. ಅದರಲ್ಲಿಯೂ ವರ್ಷದ ಕೊನೆಗೆ ಇಟಲಿಯಲ್ಲಿ ನಡೆಯುವ ಲೊಂಬಾರ್ದಿಯದ ಪಂದ್ಯವೆಂದರೆ ಬಹಳ ಪ್ರೀತಿ.

ಈ ಪಂದ್ಯವು ಮೊದಲು ನಡೆದುದು 1905ರಲ್ಲಿ. ಆಗ ಗೆದ್ದವನು ಜೊವಾನ್ನಿ ಜೆರ್ಬಿ. ಬೈಸಿಕಲ್ ಲೋಕದ ಒಂದೇ ದಿನದ ಪಂದ್ಯಗಳಲ್ಲಿ ಮಹಾಪಂದ್ಯಗಳೆಂದು ಎಣಿಸಲ್ಪಟ್ಟವು ಐದು. ಅವುಗಳಲ್ಲಿ ಇದು ಕಡೆಯದು. ನಮ್ಮಲ್ಲಿ ಚಿತ್ತಾ ಮಳೆ ಕಾಲಿಡುವ, ಹಾಸನಾಂಬೆಯ ಗುಡಿಯ ಬಾಗಿಲು ವರ್ಷಕ್ಕೊಮ್ಮೆ ತೆರೆಯುವ ಕಾಲಕ್ಕೆ ಹೆಚ್ಚುಕಡಿಮೆ ಹೊಂದಿಕೊಂಡು ಇದು ಬರುತ್ತದೆ. ಅಲ್ಲಿ ಅದು ಮರಗಳು ಎಲೆಯುದುರಿಸುವ ಕಾಲವಾದುದರಿಂದ ಇದಕ್ಕೆ ‘ಉದುರೆಲೆಯ ಪಂದ್ಯ’ವೆಂದೇ ಹೆಸರು. ದೂರವು ಸುಮಾರು 240 ರಿಂದ 250 ಕಿಲೋಮೀಟರ್. ಎಂದರೆ, ಬೆಂಗಳೂರಿನಿಂದ ಹೊರಟು ಶಾಂತಿಗ್ರಾಮ, ಹಾಸನಗಳನ್ನು ಹಾದು, ಸಕಲೇಶಪುರವನ್ನು ದಾಟಿ, ಶಿರಾಡಿ ಘಟ್ಟದೊಳಕ್ಕೆ ಇಳಿದಂತೆ. ಆದರೆ ಅಲ್ಲಿ ಘಟ್ಟವು ಒಂದಲ್ಲ. ಕೋಮೊ ಸರೋವರದ ಸುತ್ತಣ ಬೆಟ್ಟಗಳನ್ನು ಒಂದಾದಮೇಲೊಂದರಂತೆ ಹತ್ತಿ ಇಳಿಯಬೇಕು. ಅವುಗಳಲ್ಲಿ ಗಿಸಾಲ್ಲೊ ಎಂಬ ಬೆಟ್ಟದ ಮೇಲೆ ಮಾತೆ ಮೇರಿಯ ಚಿಕ್ಕ ಗುಡಿಯೊಂದಿದೆ. 1949ರಲ್ಲಿ ಪೋಪರು ಆಕೆಯನ್ನು ಬೈಸಿಕಲ್ ಸವಾರರ ಅಧಿದೇವತೆಯೆಂದು ಘೋಷಿಸಿದರು. ಪ್ರಸಿದ್ಧ ಸವಾರರು ತಮ್ಮ ಬೈಸಿಕಲ್ಲುಗಳನ್ನು ಅಲ್ಲಿ ಕಾಣಿಕೆಯಾಗಿ ಒಪ್ಪಿಸಿದ್ದಾರೆ.

ಇಂತಹ ಪಂದ್ಯದಲ್ಲಿ ಗೆಲ್ಲುವವನಾರೆಂದು ಮೊದಲೇ ಹೇಳುವುದು ಹೇಗೆ? ಕಾಲಿನ ಬಲವೊಂದನ್ನೇ ನೋಡಿದರೆ ಸಾಲದು. ಮುಂದಿರುವವನು ಗಾಳಿಯನ್ನು ಸೀಳುವಾಗ ಹಿಂದಿರುವವನು ಬಲವನ್ನು ಉಳಿಸಿಕೊಳ್ಳುತ್ತಾನೆ. ಆದುದರಿಂದ ತಂಡದ ನೆರವನ್ನು ಲೆಕ್ಕಕ್ಕೆ ಹಿಡಿಯಬೇಕು. ಕಾಲವು ವರ್ಷದ ಕೊನೆ. ವಸಂತದಿಂದ ಓಡಿ ಓಡಿ ಬಳಲಿದವನಾರು, ನಡುವೆ ವಿಶ್ರಾಂತಿ ಪಡೆದವನಾರು ಎಂಬುದನ್ನು ಅರಿಯಬೇಕು. ಮುಕ್ತಾಯವು ಒಂದು ವರ್ಷ ಬೆರ್ಗಮೊದಲ್ಲಾದರೆ ಇನ್ನೊಂದು ವರ್ಷ ಕೋಮೊದಲ್ಲಿ. ಯಾವ ಏರು ಕಡೆಗೆ ಬರುವುದೆಂಬುದನ್ನು ನೋಡಬೇಕು. ಮಳೆ ಬಂದರೆ ಒದ್ದೆಯೆಲೆ ಹರಡಿದ ಇಳಿಜಾರಿನಲ್ಲಿ ಧೈರ್ಯವೂ ಎಚ್ಚರವೂ ಸಮವಾಗಿರುವವನಾರೆಂಬುದೇ ಮುಖ್ಯವಾಗುವುದು.

ಹಿಂದಿನ ವಾರದ ಫಲವನ್ನು ನಂಬಬಹುದೇ ಎಂದರೆ ಅದಕ್ಕೂ ಎಡೆಯಿಲ್ಲ. ಲೊಂಬಾರ್ದಿಯಕ್ಕೆ ಒಂದು ವಾರ ಮೊದಲು ಬೊಲೋನ್ಯದಲ್ಲಿ ಎಮಿಲಿಯದ ಪಂದ್ಯವಾಗುತ್ತದೆ. 2022ರಲ್ಲಿ ಅಲ್ಲಿ ಸ್ಪೇನಿನ ಎನ್ರಿಕ್ ಮಾಸ್, 2023ರಲ್ಲಿ ಸ್ಲೊವೇನಿಯದ ಪ್ರಿಮೋಜ್ ರೊಗ್ಲಿಚ್ ಗೆದ್ದರು. ಎರಡು ಸಲವೂ ಸೋತು ಎರಡನೆಯವನಾದವನು ತಾದೆಯ್ ಪೊಗಾಚರ್. ವಾರ ಕಳೆದಮೇಲೆ ಲೊಂಬಾರ್ದಿಯದಲ್ಲಿ ಎರಡು ಸಲವೂ ಗೆದ್ದವನು ಅದೇ ಪೊಗಾಚರ್.

ಮನುಷ್ಯನ ಕೋಪತಾಪಗಳಂತೂ ಯಾವ ಲೆಕ್ಕಕ್ಕೂ ಸಿಕ್ಕುವುವಲ್ಲ. 1956ರಲ್ಲಿ ಫೌಸ್ತೊ ಕೊಪ್ಪಿಯು ತನ್ನ ಮೂವತ್ತೇಳನೆಯ ವಯಸ್ಸಿನಲ್ಲಿ ಮುಂದೆ ನುಗ್ಗಿ ಹೋಗಿದ್ದನು. ಹಿಂದೆ ಉಳಿದಿದ್ದ ಫಿಯೊರೆಂಜೊ ಮಾನ್ಯಿಯನ್ನು ಕಾರಿನಲ್ಲಿ ಹಾದುಹೋದ ಕೊಪ್ಪಿಯ ಸಂಗಾತಿಯು ಹಂಗಿಸಿದಳಂತೆ. ಅಲ್ಲಿಂದ ಮಾನ್ಯಿಯು ಗೆಲ್ಲುವ ಆಸೆಗಿಂತಲೂ ಹೆಚ್ಚಿನ ರೋಷದಿಂದ ಬೆನ್ನಟ್ಟಿ, ಗುಂಪನ್ನೆಲ್ಲ ಎಳೆದು ತಂದು, ಮಿಲಾನ್ ನಗರದ ಬಾಗಿಲಲ್ಲಿ ಕೊಪ್ಪಿಯನ್ನು ಹಿಡಿದನೆಂಬುದು ಪ್ರಸಿದ್ಧವಾದ ಕಥೆ. ಗೆದ್ದವನು ಮಾತ್ರ ಇಬ್ಬರೂ ಅಲ್ಲ. ಫ್ರಾನ್ಸಿನ ಆಂದ್ರೆ ದಾರಿಗಾದ್ ಕೊನೆಯ ಗಳಿಗೆಯಲ್ಲಿ ಕೊಪ್ಪಿಯನ್ನು ಕೂದಲೆಳೆಯಷ್ಟು ಅಂತರದಿಂದ ಹಿಂದಿಕ್ಕಿದನು.

ಇದೆಲ್ಲ ಮೇಷ್ಟರಿಗೆ ಬಾಯಿಪಾಠ. ಪಂದ್ಯದ ಹಿಂದಿನ ರಾತ್ರಿ ಅವರು ಒಂದು ಹಾಳೆಯ ಮೇಲೆ ಮೂವರ ಹೆಸರನ್ನೂ, ಪ್ರತಿಯೊಂದು ಹೆಸರಿನ ಮುಂದೆ ಕಾರಣವನ್ನೂ ಬರೆದು, ತಾರೀಖು ಹಾಕಿ ಪಂಚಾಂಗದೊಳಗೆ ಇಡುತ್ತಾರೆ. 2025ರ ಅಕ್ಟೋಬರಿನಲ್ಲಿ ಹಾಸನದ ಕಾಲೇಜಿನಲ್ಲಿ ಓದುವ ಮೊಮ್ಮಗನು ಈ ಹಾಳೆಯನ್ನು ನೋಡಿ ನಕ್ಕನು.

“ತಾತ, ಇದಕ್ಕೆ ಇಷ್ಟೊಂದು ಯೋಚನೆ ಯಾಕೆ? ನಾಲ್ಕು ವರ್ಷದಿಂದ ಗೆಲ್ಲುತ್ತಿರುವವನು ಪೊಗಾಚರ್. ಈ ಸಲವೂ ಅವನೇ. ನನ್ನ ಸ್ನೇಹಿತರು ಪಣ ಕಟ್ಟೋಣವೆಂದಿದ್ದಾರೆ. ಫೀಸಿನ ಹಣ ನನ್ನ ಕೈಯಲ್ಲೇ ಇದೆ, ಸೋಮವಾರಕ್ಕೆ ಎರಡರಷ್ಟಾಗುತ್ತದೆ.”

ಮೇಷ್ಟರು ಕನ್ನಡಕವನ್ನು ತೆಗೆದಿಟ್ಟರು. “ನಿಶ್ಚಯವಾದುದಾದರೆ ಪಣವೇಕೆ, ಮಗು? ನಿಶ್ಚಯವಲ್ಲವಾದರೆ ಫೀಸಿನ ಹಣವೇಕೆ?”

ಹುಡುಗನು ಹಣವನ್ನು ಕಟ್ಟಲಿಲ್ಲ. ತಾತನ ಮಾತು ಒಪ್ಪಿಗೆಯಾದುದರಿಂದಲ್ಲ, ಮೀರಲಾರದೆ. ಅಕ್ಟೋಬರ್ 11ರಂದು ಪಂದ್ಯವಾಯಿತು. ಪೊಗಾಚರ್ ಒಬ್ಬಂಟಿಯಾಗಿ ಬೆರ್ಗಮೊ ನಗರವನ್ನು ಸೇರಿದನು. 2021ರಿಂದ ಎಡೆಬಿಡದೆ ಐದು ಸಲ ಗೆದ್ದು, 1946ರಿಂದ 1949ರವರೆಗೂ ಮತ್ತೆ 1954ರಲ್ಲಿಯೂ ಗೆದ್ದಿದ್ದ ಕೊಪ್ಪಿಗೆ ಸಮನಾದನು. ಹುಡುಗನ ಮುಖವು ಸಪ್ಪಗಾಯಿತು. “ನಾನು ಹೇಳಿದ್ದೇ ಆಯಿತಲ್ಲ, ತಾತ! ನಿಮ್ಮ ಮಾತು ಕೇಳಿ ನಷ್ಟವಾಯಿತು,” ಎಂದನು.

ಮೇಷ್ಟರು ಇದಕ್ಕೆ ಉತ್ತರವಾಗಿ ಪಂಚಾಂಗದ ನಡುವಿನಿಂದ 2020ರ ಹಾಳೆಯನ್ನು ತೆಗೆದು ಕೊಟ್ಟರು. ಮಹಾಮಾರಿಯ ಕಾರಣದಿಂದ ಆ ವರ್ಷ ಪಂದ್ಯವು ಆಗಸ್ಟ್ 15ರಂದು ನಡೆದಿತ್ತು. ಹಾಳೆಯ ಮೊದಲ ಹೆಸರು ಬೆಲ್ಜಿಯಮ್ಮಿನ ರೆಮ್ಕೊ ಎವೆನೆಪೂಲ್. ವಯಸ್ಸು ಇಪ್ಪತ್ತು; ಆ ವರ್ಷ ಅವನು ಓಡಿದ ಬಹುದಿನದ ಪಂದ್ಯಗಳು ನಾಲ್ಕು, ನಾಲ್ಕನ್ನೂ ಗೆದ್ದಿದ್ದನು. ಕಾರಣದಲ್ಲಿ ಕೊರತೆಯೇನೂ ಇರಲಿಲ್ಲ. ಸೊರ್ಮಾನೊ ಬೆಟ್ಟದ ಇಳಿಜಾರಿನಲ್ಲಿ ಅವನು ಸೇತುವೆಯ ಗೋಡೆಗೆ ತಗುಲಿ ಕಂದರಕ್ಕೆ ಬಿದ್ದು ಸೊಂಟದ ಮೂಳೆಯನ್ನು ಮುರಿದುಕೊಂಡನು. ಗೆಲುವು ಡೆನ್ಮಾರ್ಕಿನ ಯಾಕೊಬ್ ಫುಗಲ್‌ಸಾಂಗನಿಗೆ ದೊರೆಯಿತು.

“ಅವನ ಜೀವ ಉಳಿದದ್ದೇ ದೊಡ್ಡದು. ಆ ದಿನ ಸೇತುವೆಯ ತನಕ ನನ್ನ ಮಾತೂ ನಿನ್ನ ಈ ಸಲದ ಮಾತಿನ ಹಾಗೆಯೇ ಸರಿಯಾಗಿತ್ತು,” ಎಂದರು ಮೇಷ್ಟರು. “ಈ ವರ್ಷ ಸೇತುವೆ ದಾಟಿತು. ಅದರಿಂದ ನಿನ್ನ ಊಹೆ ಸರಿಯಾಯಿತೇ ಹೊರತು, ಫೀಸಿನ ಹಣ ಇಡಬೇಕೆಂದದ್ದು ಸರಿಯಾಗಲಿಲ್ಲ.”

ಹುಡುಗನು ಆ ಹಾಳೆಯನ್ನು ಬಹಳ ಹೊತ್ತು ಹಿಡಿದುಕೊಂಡೇ ಇದ್ದನು. ಸೋಮವಾರ ಫೀಸು ಕಟ್ಟಿ ರಸೀತಿಯನ್ನು ತಂದು ತಾತನಿಗೆ ತೋರಿಸಿದನು; ಆ ಮಾತು ಮತ್ತೆ ಏಳಲಿಲ್ಲ.

ಫಲದಿಂದಲೇ ವಿವೇಕವನ್ನು ಅಳೆಯುವುದು ಲೋಕದ ರೂಢಿ. ಸಾಲ ಮಾಡಿ ಹೊಲವೆಲ್ಲಕ್ಕೂ ಆಲೂಗೆಡ್ಡೆಯನ್ನೇ ಹಾಕಿದವನಿಗೆ ಧಾರಣೆ ಏರಿದರೆ ಜನರು ಅವನನ್ನು ಜಾಣನೆನ್ನುವರು, ಇಳಿದರೆ ಅವಿವೇಕಿಯೆನ್ನುವರು. ಬಿತ್ತಿದ ದಿನ ಅವನಿಗಿದ್ದ ತಿಳಿವಳಿಕೆಯಾದರೋ ಎರಡು ಪಕ್ಷದಲ್ಲಿಯೂ ಒಂದೇ. ಒಂದು ಮೂಲೆಗೆ ರಾಗಿಯನ್ನೂ ಚೆಲ್ಲಿದ ನೆರೆಯವನು ಧಾರಣೆ ಏರಿದ ವರ್ಷ ಸ್ವಲ್ಪ ಕಡಮೆ ಗಳಿಸಿರಬಹುದು. ಅವನ ಮನೆಯಲ್ಲಿ ಇಳಿದ ವರ್ಷವೂ ಒಲೆ ಉರಿಯುತ್ತದೆ.

ಹೀಗೆಂದು ಊಹಿಸುವುದನ್ನೇ ಬಿಡಬೇಕೆಂದಲ್ಲ. ಊಹೆಯಿಲ್ಲದೆ ನೇಗಿಲು ಹೊರಡದು. ಊಹಿಸುವವನು ಕಾರಣವನ್ನು ಮೊದಲೇ ಬರೆದಿಡುವುದು ಒಳ್ಳೆಯದು. ಹಾಗೆ ಮಾಡಿದರೆ ಆಗಿಹೋದಮೇಲೆ ‘ನಾನು ಮೊದಲೇ ಹೇಳಿದ್ದೆ’ ಎಂದು ತನ್ನನ್ನು ತಾನೇ ವಂಚಿಸಿಕೊಳ್ಳಲು ಎಡೆಯಿರದು. ತಪ್ಪಿದಾಗ ತಪ್ಪಿದುದು ಕಾರಣವೋ ಕಾಲವೋ ಎಂಬುದೂ ತಿಳಿಯುವುದು. ಬರೆದ ಹಾಳೆಯ ಕೊನೆಗೆ ಕಾಣದ ಸೇತುವೆಗಾಗಿ ಒಂದು ಗೆರೆಯಷ್ಟು ಬರಿಯ ಸ್ಥಳವನ್ನು ಉಳಿಸುವವನೇ ನಿಜವಾದ ಲೆಕ್ಕಿಗನು.