ಶಬ್ದವೂ ಪ್ರಸಾದವೇ

ಹನ್ನೆರಡನೆಯ ಶತಮಾನದ ಶರಣರು ಇಂದ್ರಿಯಗಳನ್ನು ಹಗೆಗಳೆಂದು ಬಗೆದು ದೂರವಿರಿಸಲಿಲ್ಲ. ಅವುಗಳನ್ನು ಲಿಂಗಮುಖಗಳನ್ನಾಗಿ ಮಾಡಿಕೊಂಡರು. ಷಟ್‌ಸ್ಥಲದ ವಿವರಣೆಯಲ್ಲಿ ನಾಸಿಕಕ್ಕೆ ಆಚಾರಲಿಂಗ, ಜಿಹ್ವೆಗೆ ಗುರುಲಿಂಗ, ನೇತ್ರಕ್ಕೆ ಶಿವಲಿಂಗ, ತ್ವಕ್ಕಿಗೆ ಜಂಗಮಲಿಂಗ, ಶ್ರೋತ್ರಕ್ಕೆ ಪ್ರಸಾದಲಿಂಗ, ಹೃದಯಕ್ಕೆ ಮಹಾಲಿಂಗ ಎಂಬ ಸಂಬಂಧವನ್ನು ಹೇಳಲಾಗಿದೆ. ಕಿವಿಯಲ್ಲಿ ನೆಲೆಸಿದ ಪ್ರಸಾದಲಿಂಗಕ್ಕೆ ಸಲ್ಲುವ ಅರ್ಪಣೆ ಶಬ್ದ. ಆದ್ದರಿಂದ ಶರಣನಿಗೆ ಕೇಳುವುದೆಂದರೆ ಬರಿಯ ಕೇಳುವಿಕೆಯಲ್ಲ, ಅದೊಂದು ಪೂಜೆ. ಬಸವಣ್ಣನವರು ತಮ್ಮ ದೇಹವನ್ನೇ ವಾದ್ಯವನ್ನಾಗಿ ಮಾಡಿ ನುಡಿಸಬೇಕೆಂದು ಕೂಡಲಸಂಗಮದೇವನನ್ನು ಬೇಡಿಕೊಂಡ ವಚನವು ಎಲ್ಲರಿಗೂ ಪರಿಚಿತವಾದುದು. ದೇಹವೇ ವಾದ್ಯವಾದ ಮೇಲೆ ಅದರ ಶ್ರುತಿ ಕೆಟ್ಟಿದೆಯೇ, ಸರಿಯಿದೆಯೇ ಎಂದು ಪರೀಕ್ಷಿಸಿಕೊಳ್ಳುವುದೂ ಸಾಧಕನ ಕರ್ತವ್ಯವೇ ಆಗುತ್ತದೆ.

ಧಾರವಾಡದಲ್ಲಿ ನೆಲೆಸಿರುವ ನಿವೃತ್ತ ಶಿಕ್ಷಕರೊಬ್ಬರ ಮನೆಯಲ್ಲಿ ನಡೆದ ಒಂದು ಸಣ್ಣ ಪ್ರಸಂಗವು ಈ ಮಾತಿಗೆ ಉದಾಹರಣೆಯಾಗಿದೆ. ಅವರಿಗೆ ಎಪ್ಪತ್ತು ದಾಟಿದೆ. ಯೌವನದಲ್ಲಿ ಪಂಡಿತ ಮಲ್ಲಿಕಾರ್ಜುನ ಮನಸೂರ ಅವರ ವಚನಗಾಯನವನ್ನು ಎದುರಿಗೆ ಕುಳಿತು ಕೇಳಿದವರು. 1992ರಲ್ಲಿ ಮನಸೂರರು ಲಿಂಗೈಕ್ಯರಾದ ಬಳಿಕ ಧ್ವನಿಮುದ್ರಿಕೆಗಳೇ ಅವರಿಗೆ ಆಸರೆಯಾದವು. ಸೋಮವಾರದ ಶಿವಾನುಭವ ಗೋಷ್ಠಿಯಲ್ಲಿ ವಚನ ಓದುವ ಸೇವೆಯನ್ನು ಅನೇಕ ವರ್ಷಗಳಿಂದ ನಡೆಸಿಕೊಂಡು ಬಂದಿದ್ದರು. ಇತ್ತೀಚೆಗೆ ಗೋಷ್ಠಿಯಲ್ಲಿ ಕೆಲವರ ಪ್ರಶ್ನೆಗಳು ಅವರಿಗೆ ಅರೆಬರೆಯಾಗಿ ಕೇಳಿಸತೊಡಗಿದ್ದವು. ಆ ಅಳುಕನ್ನು ಅವರು ಯಾರಲ್ಲೂ ಹೇಳಿರಲಿಲ್ಲ.

ಮೊಮ್ಮಗನು ತನ್ನ ಮೊದಲ ಸಂಬಳದಲ್ಲಿ 500 ರೂಪಾಯಿಯ ಒಂದು ಇಯರ್‌ಫೋನ್ ತಂದು ಅವರ ಕೈಗಿತ್ತನು. “ಅಜ್ಜಾ, ಬೇಸ್ ಭಾಳ ಜೋರ ಅದ, ಕೇಳಿ ನೋಡ್ರಿ” ಎಂದನು. ಹಿರಿಯರು ಸಂತೋಷದಿಂದ ಕಿವಿಗೆ ಹಾಕಿಕೊಂಡು ತಮಗೆ ಪ್ರಿಯವಾದ ವಚನಗಾಯನವನ್ನು ಹಚ್ಚಿದರು. ಡಗ್ಗಾದ ನಾದ ತಲೆಯೊಳಗೆಲ್ಲ ಗುಂಯೆಂದು ತುಂಬಿತು. ತಂಬೂರಿಯ ಜವಾರಿ ಎಲ್ಲಿಯೋ ಹುದುಗಿಹೋಯಿತು. ನಾದವೆಲ್ಲ ಬಲಗಿವಿಗೇ ವಾಲಿದಂತಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ವಚನದ ಕೊನೆಯಲ್ಲಿ ಬರುವ ಅಂಕಿತವು ಮಸುಕಾಗಿ, ‘ಸಂಗಮ’ ಎಂಬಲ್ಲಿಯ ಸಕಾರವೇ ಇಲ್ಲದಂತೆ ಕೇಳಿಸಿತು. ಹಿರಿಯರು ಏನೂ ಹೇಳದೆ ಅದನ್ನು ಡಬ್ಬಿಯೊಳಗಿಟ್ಟರು. ಎಡಗಿವಿ ಹೋಯಿತು, ಬಲಗಿವಿಯೂ ಹೋಗುವುದರಲ್ಲಿದೆ ಎಂದು ಮನದಲ್ಲೇ ತೀರ್ಪು ಕೊಟ್ಟುಕೊಂಡರು. ಮುಂದಿನ ಎರಡು ಸೋಮವಾರ ಗೋಷ್ಠಿಗೆ ಹೋಗಲಿಲ್ಲ.

ಮೊಮ್ಮಗನು ಡಬ್ಬಿಯನ್ನು ಕಂಡು ನೊಂದುಕೊಂಡನು. ತನ್ನ ಕಾಣಿಕೆ ಅಜ್ಜನಿಗೆ ಸಲ್ಲಲಿಲ್ಲವೆಂದು ಅವನು ತಿಳಿದನು. ಆಗ ಹಿರಿಯರು ಬಾಯಿಬಿಟ್ಟರು: “ತಮ್ಮಾ, ತಪ್ಪು ನೀ ತಂದ ವಸ್ತುವಿಂದಲ್ಲೋ, ನನ್ನ ಕಿವೀದು.” ಅವನು ಒಪ್ಪಲಿಲ್ಲ. “ಹಂಗಂತ ಯಾರ ಹೇಳ್ಯಾರ್ರಿ? ನೋಡೇ ಬಿಡೂಣು ಬರ್ರಿ” ಎಂದು ಪಕ್ಕದಲ್ಲಿ ಕುಳಿತನು.

ಮೊದಲು ಎಡ ಬಲದ ಸಂಶಯವನ್ನು ಪರಿಹರಿಸಿಕೊಂಡರು. ಎಡಗಿವಿಯದನ್ನು ಬಲಕ್ಕೂ ಬಲಗಿವಿಯದನ್ನು ಎಡಕ್ಕೂ ಬದಲಿಸಿ ಹಾಕಿದರು. ಕೊರತೆ ವಸ್ತುವಿನದಾಗಿದ್ದರೆ ಅದು ಬಲಗಿವಿಗೆ ಸರಿಯಬೇಕಿತ್ತು. ಸರಿಯಲಿಲ್ಲ, ಎಡದಲ್ಲೇ ಉಳಿಯಿತು. ಹಿರಿಯರು ನಿಟ್ಟುಸಿರಿಟ್ಟರು. ಆದರೆ ಮೊಮ್ಮಗನು ಡಬ್ಬಿಯ ತಳದಲ್ಲಿದ್ದ ಬೇರೆ ಅಳತೆಯ ರಬ್ಬರಿನ ತುದಿಗಳನ್ನು ತೆಗೆದನು. ಇಂತಹ ಇಯರ್‌ಫೋನಿನ ಮಂದ್ರನಾದವು ಕಿವಿಯ ನಾಳವು ಸಂದಿಲ್ಲದಂತೆ ಮುಚ್ಚಿಕೊಂಡಾಗ ಮಾತ್ರ ನಿಲ್ಲುತ್ತದೆ. ಎಳ್ಳಷ್ಟು ಸಂದಿಯಿದ್ದರೂ ಸೋರಿಹೋಗುತ್ತದೆ. ಒಬ್ಬನೇ ಮನುಷ್ಯನ ಎರಡು ಕಿವಿಗಳ ನಾಳಗಳೂ ಒಂದೇ ಅಳತೆಯವಾಗಿರಬೇಕೆಂಬ ನಿಯಮವಿಲ್ಲ. ಎಡಗಿವಿಗೆ ಒಂದಳತೆ ದೊಡ್ಡ ತುದಿ ಹಾಕಿದೊಡನೆ ನಾದ ನಡುವೆ ಬಂದು ನಿಂತಿತು. ಎಡಗಿವಿ ಹೋಗಿರಲಿಲ್ಲ.

ಎರಡನೆಯದು ಮಾತಿನ ಮಸುಕು. ಮನುಷ್ಯನ ಕಿವಿ ಸುಮಾರು 20ರಿಂದ 20,000 ಹರ್ಟ್ಸ್‌ವರೆಗಿನ ನಾದವನ್ನು ಗ್ರಹಿಸಬಲ್ಲದು. ಬೇಸ್ ಎಂದು ಕರೆಯುವುದು ಸುಮಾರು 250 ಹರ್ಟ್ಸ್‌ಗಿಂತ ಕೆಳಗಿನ ಭಾಗವನ್ನು. ಮಾತನ್ನು ಮಾತಾಗಿಸುವ ವ್ಯಂಜನಗಳ ಸ್ಪಷ್ಟತೆಯು ಬಹುಮಟ್ಟಿಗೆ 2,000 ಹರ್ಟ್ಸ್‌ಗಿಂತ ಮೇಲಿದೆ. ಸಕಾರದ ಸದ್ದು ಇನ್ನೂ ಮೇಲೆ. ಕೆಳಗಿನ ನಾದ ಪ್ರಬಲವಾದಾಗ ಮೇಲಿನ ನಾದವನ್ನು ಮರೆಮಾಡುವುದು ಕಿವಿಯ ಸ್ವಭಾವ. ಅಗ್ಗದ ಇಯರ್‌ಫೋನುಗಳಲ್ಲಿ ಸಾಮಾನ್ಯವಾಗಿ ಒಂದೇ ಪುಟ್ಟ ಪೊರೆ ಎಲ್ಲ ನಾದವನ್ನೂ ಹೊರಡಿಸುತ್ತದೆ. ಬಸ್ಸಿನ ಗದ್ದಲದಲ್ಲಿ ಮೊದಲು ಮುಳುಗುವುದು ಮಂದ್ರವೇ. ಅಂಗಡಿಯಲ್ಲಿ ಕೊಳ್ಳುವವನನ್ನು ಮೊದಲು ಮರುಳುಗೊಳಿಸುವುದೂ ಮಂದ್ರವೇ. ಹೀಗಾಗಿ ಅದನ್ನು ಹೆಚ್ಚಿಸಿಯೇ ಮಾರುವ ರೂಢಿ ಬೆಳೆದಿದೆ.

ಮಂದ್ರ ಹೆಚ್ಚಿರುವುದೇ ದೋಷವಲ್ಲ. ಅದು ತನ್ನ ಎಡೆಯಲ್ಲಿ ನಿಂತಿದೆಯೇ, ಪಕ್ಕದವರ ಎಡೆಗೂ ಹರಿದಿದೆಯೇ ಎಂಬುದೇ ಪರೀಕ್ಷೆ. ಡಗ್ಗಾದ ಮೇಲೆ ಅಂಗೈ ಒತ್ತಿ ಜಾರಿಸಿದಾಗ ಸ್ವರ ಏರುವುದು ಕೇಳಿಸಿದರೆ ಆ ಮಂದ್ರ ಜೀವಂತ. ಎಲ್ಲ ಪೆಟ್ಟುಗಳೂ ಒಂದೇ ಗುಂಯ್‌ಕಾರವಾದರೆ ಅದು ಬರಿಯ ಊತ. ತಂಬೂರಿಯ ನಾಲ್ಕು ತಂತಿಗಳ ಝೇಂಕಾರ ಬಿಡಿಬಿಡಿಯಾಗಿ ಅರಳುವುದೇ, ಗಾಯಕನ ಉಸಿರು ಕೇಳಿಸುವುದೇ, ಒಂದು ಗಂಟೆ ಕೇಳಿದರೂ ತಲೆ ಭಾರವಾಗದೇ ಇರುವುದೇ ಎಂದು ನೋಡಬೇಕು. ಮೊದಲ ಹತ್ತು ನಿಮಿಷದ ಮೆಚ್ಚುಗೆಯನ್ನು ನಂಬುವಂತಿಲ್ಲ.

ಮೊಮ್ಮಗನು ಫೋನಿನ ಈಕ್ವಲೈಸರಿನಲ್ಲಿ ಕೆಳಗಿನ ನಾದವನ್ನು ತಗ್ಗಿಸಿದನು. ಮನಸೂರರ ಕಂಠವು ಮೋಡದಿಂದ ಹೊರಬಂದ ಬಿಸಿಲಿನಂತೆ ಮುಂದೆ ಬಂದಿತು. ಹಿರಿಯರ ಕಣ್ಣು ತೇವವಾಯಿತು. ಆದರೂ ಅಂಕಿತದ ಸಕಾರವು ಅವರಿಗೆ ಕ್ಷೀಣವಾಗಿಯೇ ಕೇಳಿಸಿತು. ಮೊಮ್ಮಗನಿಗೆ ಅದು ಸ್ವಚ್ಛವಾಗಿತ್ತು. ಉಳಿದ ಆ ಒಂದು ಕೊರತೆ ವಸ್ತುವಿನದಲ್ಲ, ವಯಸ್ಸಿನದು. ವಯಸ್ಸಾದಂತೆ ಕಿವಿಯು ಮೊದಲು ಬಿಟ್ಟುಕೊಡುವುದು ಮೇಲಿನ ನಾದವನ್ನೇ.

ಇನ್ನೊಂದು ಪರೀಕ್ಷೆ ಉಳಿದಿತ್ತು. ತನ್ನ ಹಳೆಯ ಇಯರ್‌ಫೋನಿಗೂ ಹೊಸದಕ್ಕೂ ಇರುವ ಅಂತರ ತಿಳಿಯಲು ಮೊಮ್ಮಗನು ಎರಡನ್ನೂ ಅಜ್ಜನಿಗೆ ಕೊಟ್ಟನು. ಎರಡು ಧ್ವನಿಗಳನ್ನು ಹೋಲಿಸುವಾಗ ಗಟ್ಟಿತನವನ್ನು ಸಮನಾಗಿಸಿಕೊಳ್ಳಬೇಕು. ಗಟ್ಟಿಯಾದುದೇ ಉತ್ತಮವೆಂದು ತೋರುವುದು ಎಲ್ಲರ ಅನುಭವ. ಅಲ್ಲದೆ ಸದ್ದು ಏರಿದಷ್ಟೂ ಮಂದ್ರವು ತುಂಬಿ ಕೇಳಿಸುತ್ತದೆ ಎಂಬುದನ್ನು ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು 1933ರಲ್ಲಿಯೇ ತೋರಿಸಿಕೊಟ್ಟಿದ್ದಾರೆ. ಹಳೆಯದನ್ನು ಅವನು ನಿತ್ಯ ಕೇಳುವ ಮಟ್ಟದಲ್ಲಿಯೇ ಹಚ್ಚಿದಾಗ ಹಿರಿಯರು ಬೆಚ್ಚಿ ಕಿತ್ತುಹಾಕಿದರು. ಸದ್ದು ತುತ್ತತುದಿಯಲ್ಲಿತ್ತು.

“ಇಷ್ಟು ಜೋರ ಯಾಕೋ ತಮ್ಮಾ?” ಎಂದು ಕೇಳಿದರು. ಅವನು ತಲೆ ತಗ್ಗಿಸಿ ಕುಳಿತನು. ಕೆಲವು ತಿಂಗಳಿಂದ ರಾತ್ರಿ ಮಲಗಿದಾಗ ಕಿವಿಯೊಳಗೆ ಕೀಂಯೆಂಬ ಸದ್ದು ನಿಲ್ಲದೆಂದು ಆಗ ಹೇಳಿದನು. ಅವನೂ ತನ್ನ ಅಳುಕನ್ನು ಯಾರಲ್ಲೂ ಹೇಳಿರಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ 80 ಡೆಸಿಬಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. 90 ಡೆಸಿಬಲ್ ಆದರೆ 4 ಗಂಟೆ ಮಾತ್ರ. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ನಾಶವಾದರೆ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ಅಜ್ಜ ಮೊಮ್ಮಗ ಇಬ್ಬರೂ ಕೂಡಿಯೇ ಕಿವಿಯ ವೈದ್ಯರಲ್ಲಿಗೆ ಹೋದರು. ಹಿರಿಯರಿಗೆ ಎರಡೂ ಕಿವಿಗಳಲ್ಲಿ ಮೇಲಿನ ನಾದ ತಕ್ಕಮಟ್ಟಿಗೆ ಕುಗ್ಗಿದೆಯೆಂದೂ ಅದು ವಯೋಸಹಜವೆಂದೂ ತಿಳಿಯಿತು. ಮೊಮ್ಮಗನಿಗೆ ಸದ್ದು ತಗ್ಗಿಸಿ ಕಿವಿಗೆ ವಿಶ್ರಾಂತಿ ಕೊಡುವಂತೆ ವೈದ್ಯರು ಕಟ್ಟುನಿಟ್ಟಾಗಿ ತಿಳಿಸಿದರು.

ಹಿರಿಯರು ಮುಂದಿನ ಸೋಮವಾರ ಗೋಷ್ಠಿಗೆ ಹೋದರು. ಮುಂದಿನ ಸಾಲಿನಲ್ಲಿ ಕುಳಿತು, ತಮಗೆ ಕಿವಿ ಸ್ವಲ್ಪ ಮಂದವೆಂದೂ ಪ್ರಶ್ನೆಗಳನ್ನು ನಿಧಾನವಾಗಿ ಕೇಳಬೇಕೆಂದೂ ಎಲ್ಲರೆದುರು ಹೇಳಿಕೊಂಡರು. 500 ರೂಪಾಯಿಯ ಆ ಇಯರ್‌ಫೋನ್ ಈಗ ಡಬ್ಬಿಯಲ್ಲಿಲ್ಲ. ಸಂಜೆಯ ಹೊತ್ತು ಒಂದು ತುದಿ ಅಜ್ಜನ ಕಿವಿಯಲ್ಲಿ, ಇನ್ನೊಂದು ಮೊಮ್ಮಗನ ಕಿವಿಯಲ್ಲಿ. ಸದ್ದು ಮಾತ್ರ ಅರ್ಧಕ್ಕಿಂತ ಕೆಳಗೆ.

ವಸ್ತುವನ್ನು ಪರೀಕ್ಷಿಸದೆ ಹಳಿಯುವುದು ತಪ್ಪು. ತನ್ನನ್ನು ಪರೀಕ್ಷಿಸದೆ ಹಳಿದುಕೊಳ್ಳುವುದೂ ಅಷ್ಟೇ ತಪ್ಪು. ಒಂದೊಂದಾಗಿ ಬೇರ್ಪಡಿಸಿ ನೋಡಿದಾಗ ಸೋರುವುದೆಷ್ಟು, ಊದಿದುದೆಷ್ಟು, ಸವೆದುದೆಷ್ಟು ಎಂಬುದು ತಾನಾಗಿ ತಿಳಿಯುತ್ತದೆ. ಶರಣರು ವಿವೇಕವೆಂದದ್ದು ಇದನ್ನೇ. ಉಳಿದ ಕಿವಿಯನ್ನು ಕಾಪಾಡಿಕೊಂಡು, ಒದಗಿದ ಶಬ್ದವನ್ನು ಶುಚಿಗೊಳಿಸಿ ಪ್ರಸಾದಲಿಂಗಕ್ಕೆ ಅರ್ಪಿಸಿದರೆ ಆ ಶಬ್ದವೂ ಪ್ರಸಾದವೇ ಆಗುತ್ತದೆ.