ಹೆರಾಲ್ಡಿಗೆ ಎಣ್ಣೆ ಎರೆಯುವ ಕಾಲ

ಹಳೆಯ ಕಾರು ಎಂದೊಡನೆ ನಮ್ಮ ಜನರ ಕಣ್ಣೆದುರಿಗೆ ಎರಡು ಚಿತ್ರಗಳು ಮೂಡುತ್ತವೆ. ಒಂದು, ಶ್ರೀಮಂತರ ಬಂಗಲೆಯಲ್ಲಿ ಹೊದಿಕೆ ಹೊದ್ದು ಮಲಗಿದ್ದು ವರ್ಷಕ್ಕೊಮ್ಮೆ ಪ್ರದರ್ಶನಕ್ಕೆ ಹೊರಡುವ ವಾಹನ. ಇನ್ನೊಂದು, ತೋಟದ ಮೂಲೆಯಲ್ಲಿ ಬಳ್ಳಿ ಹಬ್ಬಿಸಿಕೊಂಡು ಕೋಳಿಗಳಿಗೆ ಆಸರೆಯಾಗಿರುವ ತಗಡಿನ ರಾಶಿ. ಇವೆರಡಕ್ಕೂ ಸೇರದ ಮೂರನೆಯ ಬಗೆಯೊಂದುಂಟು. ಅದು ಮನೆಯವರೇ ಕೈಯಾರೆ ದುರಸ್ತಿ ಮಾಡಿಕೊಂಡು, ಪೇಟೆಗೂ ಮದುವೆಗೂ ಆಸ್ಪತ್ರೆಗೂ ಓಡಿಸುವ ಕಾರು. ಕಾಸರಗೋಡು ಸೀಮೆಯ ನಮ್ಮ ಮನೆಯ ಅಡಿಕೆ ಅಂಗಳದ ಬದಿಯಲ್ಲಿ, ಹೆಂಚಿನ ಮಾಡಿನ ಕೆಳಗೆ ನಿಂತಿರುವ 1967ರ ಸ್ಟ್ಯಾಂಡರ್ಡ್ ಹೆರಾಲ್ಡ್ ಈ ಮೂರನೆಯ ಬಗೆಗೆ ಸೇರಿದುದು. ಅದನ್ನು ಕೊಂಡವರು ನಮ್ಮ ದೊಡ್ಡಪ್ಪನವರು. ಈಗ ಅದರ ಯೋಗಕ್ಷೇಮ ನೋಡಿಕೊಳ್ಳುವವರು ನಾವು, ಅಂದರೆ ಹಳ್ಳಿಯ ಕನ್ನಡ ಶಾಲೆಯ ಮುಖ್ಯೋಪಾಧ್ಯಾಯನಾದ ಈ ಬರೆಹಗಾರ, ಕೃಷಿಕನಾದ ತಮ್ಮ, ಮತ್ತು ತಮ್ಮನ ಮಗಳು.

ಈ ಕಾರಿನ ಜಾತಕವನ್ನು ಮೊದಲು ಹೇಳಬೇಕು. ಮನೆಯಲ್ಲೇ ಇದನ್ನು ಬಿಚ್ಚಿ ಜೋಡಿಸಲು ಸಾಧ್ಯವಾಗುವುದಕ್ಕೆ ಆ ಜಾತಕವೇ ಕಾರಣ. ಇಂಗ್ಲೆಂಡಿನ ಸ್ಟ್ಯಾಂಡರ್ಡ್ ಟ್ರಯಂಫ್ ಸಂಸ್ಥೆಯು ಹೆರಾಲ್ಡನ್ನು ಹೊರತಂದುದು 1959ರಲ್ಲಿ. ಅದರ ರೂಪವನ್ನು ಕಲ್ಪಿಸಿದವರು ಇಟಲಿಯ ಜೊವಾನಿ ಮಿಕೆಲೊಟ್ಟಿ. ಆ ಸಂಸ್ಥೆಗೆ ಕಾರಿನ ಮೈಯನ್ನು ಒದಗಿಸುತ್ತಿದ್ದ ಕಾರ್ಖಾನೆಯು 1953ರಲ್ಲಿ ಪ್ರತಿಸ್ಪರ್ಧಿ ಸಂಸ್ಥೆಯ ವಶವಾಗಿತ್ತು. ಹಾಗಾಗಿ ಒಂದೇ ಎರಕದಂತೆ ಬೆಸೆದ ಮೈಯನ್ನು ಮಾಡಿಸುವುದು ಕಷ್ಟವಾಗಿ, ಕೆಳಗೊಂದು ಗಟ್ಟಿ ಚಾಸಿಸ್ಸನ್ನು ಹೂಡಿ, ಅದರ ಮೇಲೆ ಮೈಯ ಭಾಗಗಳನ್ನು ಬಿಡಿಬಿಡಿಯಾಗಿ ಬೋಲ್ಟು ಹಾಕಿ ಕೂಡಿಸುವ ಉಪಾಯವನ್ನು ಕಂಡುಕೊಂಡರು. ಅಂದಿನ ಅನನುಕೂಲವು ಇಂದಿನ ನಮ್ಮಂಥವರಿಗೆ ಅನುಕೂಲವಾಗಿ ಪರಿಣಮಿಸಿದೆ. ಬಿಡಿಭಾಗಗಳನ್ನು ತಂದು ಇಲ್ಲಿ ಜೋಡಿಸುವುದಕ್ಕೂ ಇದು ಒಗ್ಗಿತು. 1961ರಿಂದ ಮದರಾಸಿನ ಸ್ಟ್ಯಾಂಡರ್ಡ್ ಮೋಟರ್ ಪ್ರಾಡಕ್ಟ್ಸ್ ಸಂಸ್ಥೆಯು 948 ಸಿ.ಸಿ. ಯಂತ್ರದ ಹೆರಾಲ್ಡನ್ನು ತಯಾರಿಸಿತು. ಆ ಬಳಿಕ ಅದರ ಸ್ಥಾನಕ್ಕೆ ಬಂದ ಗೆಜೆಲ್ 1977ರವರೆಗೆ ನಡೆಯಿತು.

ಈ ಸಾಧುವಾದ ಕುಟುಂಬದ ಕಾರಿಗೆ ಒಬ್ಬ ಚೂಟಿಯಾದ ದಾಯಾದಿಯುಂಟು. ಹೆರಾಲ್ಡಿನ ಚಾಸಿಸ್ಸನ್ನು ಮೊಟಕುಗೊಳಿಸಿ, ಅದೇ ವಂಶದ ಯಂತ್ರವನ್ನು 1147 ಸಿ.ಸಿ.ಗೆ ಹಿಗ್ಗಿಸಿ, ಎರಡು ಕಾರ್ಬ್ಯುರೇಟರುಗಳನ್ನು ಜೋಡಿಸಿ, ಮಿಕೆಲೊಟ್ಟಿಯವರಿಂದಲೇ ಮೈಕಟ್ಟನ್ನು ಮಾಡಿಸಿ 1962ರಲ್ಲಿ ಹೊರತಂದ ಸ್ಪೋರ್ಟ್ಸ್ ಕಾರೇ ಟ್ರಯಂಫ್ ಸ್ಪಿಟ್‌ಫೈರ್. 1980ರವರೆಗೆ ಮೂರು ಲಕ್ಷಕ್ಕೂ ಹೆಚ್ಚು ಸ್ಪಿಟ್‌ಫೈರುಗಳು ತಯಾರಾದವು. ಇಂದಿಗೂ ಇಂಗ್ಲೆಂಡಿನಲ್ಲಿ ಅವನ್ನು ಮನೆಯ ಶೆಡ್ಡುಗಳಲ್ಲಿ ಸ್ವಂತ ಕೈಯಿಂದ ರಿಪೇರಿ ಮಾಡಿಕೊಳ್ಳುವವರಿದ್ದಾರೆ; ಅವರಿಗಾಗಿ ಬಿಡಿಭಾಗಗಳೂ ತಯಾರಾಗುತ್ತಿವೆ. ಮುಂದಿನ ಚಕ್ರದ ಅನೇಕ ಭಾಗಗಳು ಇಬ್ಬರಿಗೂ ಹೊಂದುವುದರಿಂದ, ಆ ದಾಯಾದಿಯ ಭಾಗ್ಯದಲ್ಲಿ ನಮ್ಮ ಕಾರಿಗೂ ಪಾಲು ಸಿಗುತ್ತಿದೆ. ಮದರಾಸಿನ ತಯಾರಿಕೆ ನಿಂತು ಅರ್ಧ ಶತಮಾನ ಕಳೆದರೂ ಹೆರಾಲ್ಡು ಬದುಕಿರುವುದರ ಗುಟ್ಟು ಇದು.

ಬಿಡಿಭಾಗ ದೊರೆತ ಮಾತ್ರಕ್ಕೆ ಕಾರು ಓಡುವುದಿಲ್ಲವಷ್ಟೆ. ನಮ್ಮ ಹೆರಾಲ್ಡಿಗೆ ನಲವತ್ತು ವರ್ಷಕ್ಕೂ ಮಿಕ್ಕಿ ವೈದ್ಯರಾಗಿದ್ದವರು ಕುಂಬಳೆಯ ಕಡೆಯ ಒಬ್ಬ ಹಿರಿಯ ಮೆಕ್ಯಾನಿಕರು. ಅವರನ್ನು ನಾವು ಕಾಕ ಎಂದೇ ಕರೆಯುತ್ತಿದ್ದೆವು. ತುಳು, ಬ್ಯಾರಿ, ಮಲಯಾಳ, ಕನ್ನಡ ನಾಲ್ಕರಲ್ಲೂ ಅವರು ಯಂತ್ರದ ಮಾತನ್ನಾಡಬಲ್ಲವರಾಗಿದ್ದರು. ಒಂದು ಅಕ್ಷರವನ್ನೂ ಬರೆದಿಟ್ಟವರಲ್ಲ. 2019ರಲ್ಲಿ ಅವರು ತೀರಿಕೊಂಡಾಗ, ಅವರ ಮನೆಗೆ ಹೋಗಿ ಬಂದ ರಾತ್ರಿ ತಮ್ಮನು ಒಂದು ಮಾತನ್ನೆತ್ತಿದನು: “ಅಣ್ಣ, ಇನ್ನು ಕಾರನ್ನು ಕೊಟ್ಟುಬಿಡುವುದು, ಇಲ್ಲವಾದರೆ ನಾವೇ ಕಲಿಯುವುದು. ಎರಡರಲ್ಲಿ ಒಂದು.” ದೊಡ್ಡಪ್ಪನ ಮಕ್ಕಳು ದೂರದ ನಗರಗಳಲ್ಲಿದ್ದಾರೆ, ಅವರಿಗೆ ಮಾರಿದರೂ ಬೇಸರವಿರಲಿಲ್ಲ. ನಾವು ಕಲಿಯುವುದೆಂದು ನಿಶ್ಚಯಿಸಿದೆವು. ಅಡಿಕೆಗೆ ಮದ್ದು ಬಿಡುವ ಪಂಪನ್ನು ಬಿಚ್ಚಿ ಜೋಡಿಸಿದ ಕೈ ತಮ್ಮನದು. ಅಧ್ಯಾಪಕ ತರಬೇತಿಯಲ್ಲಿ ಪಾಠಟಿಪ್ಪಣಿ ಬರೆದು ಬರೆದು ಪಳಗಿದ ಕೈ ನಮ್ಮದು. ಉದ್ದೇಶ, ಸಲಕರಣೆ, ಕ್ರಮ, ಪರೀಕ್ಷೆ ಎಂಬ ನಾಲ್ಕು ತಲೆಬರೆಹಗಳಡಿಯಲ್ಲಿ, ಕಾಕನಿಂದ ಕೇಳಿ ನೆನಪಿನಲ್ಲಿದ್ದ ಮಾತುಗಳನ್ನೂ ತಯಾರಕರ ಕೈಪಿಡಿಯಲ್ಲಿದ್ದುದನ್ನೂ ಸೇರಿಸಿ ಕನ್ನಡದಲ್ಲೊಂದು ಪುಸ್ತಕವನ್ನು ಬರೆಯತೊಡಗಿದೆವು.

ಆ ಪುಸ್ತಕದ ಮೊದಲನೆಯ ಪಾಠ ಟ್ರನಿಯನ್ನಿನದು. ಹೆರಾಲ್ಡಿನ ಮುಂದಿನ ಚಕ್ರವನ್ನು ಹೊತ್ತು ನಿಂತಿರುವುದು ಒಂದು ಉಕ್ಕಿನ ನಿಲುವು ಕಂಬಿ. ಅದರ ಕೆಳತುದಿಯಲ್ಲಿ ತಿರುಪಿನ ಎಳೆಗಳಿವೆ. ಆ ತುದಿಯು ಕಂಚಿನ ಗುಂಡುಗಟ್ಟಿಯೊಂದರೊಳಗೆ ಕೂತಿರುತ್ತದೆ. ಈ ಗಟ್ಟಿಯೇ ಟ್ರನಿಯನ್. ನಾವು ಸ್ಟಿಯರಿಂಗನ್ನು ತಿರುಗಿಸಿದಾಗಲೆಲ್ಲ ಉಕ್ಕಿನ ಎಳೆಗಳು ಕಂಚಿನ ಎಳೆಗಳ ಮೇಲೆ ಹೊರಳುತ್ತವೆ. ಈ ಏರ್ಪಾಡಿನಿಂದಲೇ ಹೆರಾಲ್ಡು ಸುಮಾರು ಇಪ್ಪತ್ತೈದು ಅಡಿಯ ವೃತ್ತದೊಳಗೆ ಪೂರ್ತಿ ತಿರುಗಬಲ್ಲದು. ಎರಡು ಬದಿಗೂ ಮುರಕಲ್ಲಿನ ಕಟ್ಟೆಗಳಿರುವ ನಮ್ಮ ತೋಟದ ದಾರಿಗಳಿಗೆ ಇದಕ್ಕಿಂತ ಒಪ್ಪುವ ಗುಣ ಬೇರೊಂದಿಲ್ಲ. ಆದರೆ ಆ ಎಳೆಗಳಿಗೆ ಬೇಕಾದುದು ಗೇರು ಪೆಟ್ಟಿಗೆಗೆ ಹಾಕುವಂಥ 90ರ ದಪ್ಪ ಎಣ್ಣೆ, ಗ್ರೀಸು ಸಲ್ಲದು. ಗ್ರೀಸು ಎಳೆಗಳ ಆಳಕ್ಕೆ ಹರಿಯುವುದಿಲ್ಲ. ಕಾಲಾಂತರದಲ್ಲಿ ಗಟ್ಟಿಯಾಗಿ ದಾರಿಯನ್ನೇ ಮುಚ್ಚುತ್ತದೆ. ಹಿಂದೆ ನೀರು ಸೇರಿ ಉಕ್ಕಿಗೆ ತುಕ್ಕು ಹಿಡಿದರೆ, ಒಂದು ದಿನ ಕಂಬಿ ಮುರಿದು ಚಕ್ರ ಕಾರಿನಡಿಗೆ ಮಡಚಿಕೊಳ್ಳುತ್ತದೆ. “ಮಾಷ್ಟ್ರೇ, ಗ್ರೀಸು ಸುಲಭ, ಎಣ್ಣೆ ಉಪದ್ರ. ಆದರೆ ಇಲ್ಲಿಗೆ ಎಣ್ಣೆಯೇ ಆಗಬೇಕು” ಎಂದು ಕಾಕ ಹೇಳುತ್ತಿದ್ದರು.

ಆ ಮಾತಿನ ಬೆಲೆ ತಿಳಿದುದು 2020ರಲ್ಲಿ. ಆ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದವು. ತಲಪಾಡಿಯಲ್ಲಿ ಗಡಿಯ ದಾರಿಯೂ ಮುಚ್ಚಿತು. ಗಡಿಯ ಈಚೆಗಿನ ರೋಗಿಗಳು ಮಂಗಳೂರಿನ ಆಸ್ಪತ್ರೆಗಳನ್ನು ತಲುಪಲಾರದೆ ಪಟ್ಟ ಪಾಡನ್ನು ಈ ಪತ್ರಿಕೆಯ ವಾಚಕರಿಗೆ ವಿವರಿಸಬೇಕಾದುದಿಲ್ಲ. ನಮ್ಮ ತಾಯಿಯವರನ್ನು ತಿಂಗಳಿಗೊಮ್ಮೆ ತಪಾಸಣೆಗೆ ಕರೆದೊಯ್ಯುತ್ತಿದ್ದ ಹೆರಾಲ್ಡೂ ಮನೆಯಲ್ಲೇ ಉಳಿಯಿತು. ದೊರೆತ ಬಿಡುವಿನಲ್ಲಿ ಮುಂಭಾಗವನ್ನು ಬಿಚ್ಚಿ ನೋಡಿದೆವು. ಎಡಬದಿಯ ಟ್ರನಿಯನ್ನಿನಲ್ಲಿ ಎಣ್ಣೆಯಿತ್ತು. ಬಲಬದಿಯಲ್ಲಿ, ಹಿಂದಿನ ವರ್ಷ ಹೊರಗಿನ ಒಂದು ವರ್ಕ್‌ಶಾಪಿನಲ್ಲಿ ತುಂಬಿದ್ದ ಗ್ರೀಸು ಹಳೆಯ ಬೆಲ್ಲದಂತೆ ಗಟ್ಟಿಯಾಗಿತ್ತು. ಒರೆಸಿ ನೋಡಿದರೆ ಎಳೆಗಳ ಮೇಲ್ಗಡೆ, ಕಂಬಿಯ ಕುತ್ತಿಗೆಯಲ್ಲಿ, ತುಕ್ಕು ಕೊರೆದ ಗೆರೆಯೊಂದು ಅರ್ಧ ಸುತ್ತು ಹಬ್ಬಿತ್ತು. ತಾಯಿಯವರು ಯಾವಾಗಲೂ ಕುಳಿತುಕೊಳ್ಳುತ್ತಿದ್ದುದು ಮುಂದಿನ ಆಸನದಲ್ಲಿ. ತಮ್ಮನೂ ನಾವೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಹೊಸ ಕಂಬಿ ಮತ್ತು ಕಂಚಿನ ಗಟ್ಟಿ, ಪರಿಚಿತರೊಬ್ಬರ ಕೈಯಲ್ಲಿ ಇಂಗ್ಲೆಂಡಿನಿಂದ ಬಂದು ತಲುಪುವಾಗ 2021 ಮುಗಿಯುತ್ತ ಬಂದಿತ್ತು. ಅಲ್ಲಿಯವರೆಗೆ ಕಾರನ್ನು ಅಂಗಳದಿಂದ ಕದಲಿಸಲಿಲ್ಲ. ಆ ಹಳೆಯ ಕಂಬಿ ಈಗ ನಮ್ಮ ಶಾಲೆಯ ಮೇಜಿನ ಮೇಲಿದೆ. ಕಬ್ಬಿಣ ತುಕ್ಕು ಹಿಡಿಯುವ ಪಾಠದಂದು ಅದು ತರಗತಿಯಲ್ಲಿ ಕೈಯಿಂದ ಕೈಗೆ ಹೋಗುತ್ತದೆ.

ಎರಡನೆಯ ಪಾಠ ಗಣಿತಕ್ಕೆ ಸೇರಿದುದು. ಹೆರಾಲ್ಡಿನ ಬಾನೆಟ್ಟು ರೆಕ್ಕೆಗಳ ಸಮೇತ ಮುಂದಕ್ಕೆ ಮಗುಚುತ್ತದೆ. ಮುಂದಿನ ಚಕ್ರದ ಮೇಲೆಯೇ ಕುಳಿತು ಯಂತ್ರದ ಕೆಲಸ ಮಾಡಬಹುದು. ಯಂತ್ರದಲ್ಲಿ ಎಂಟು ಕವಾಟಗಳು, ಅಂದರೆ ವಾಲ್ವುಗಳಿವೆ. ಬಿಸಿಯಾದಾಗ ಲೋಹ ಹಿಗ್ಗುವುದರಿಂದ, ತಣ್ಣಗಿರುವಾಗ ಪ್ರತಿಯೊಂದಕ್ಕೂ 0.010 ಅಂಗುಲ, ಎಂದರೆ ಕಾಲು ಮಿಲಿಮೀಟರಿನಷ್ಟು ಸಂದು ಇರಬೇಕು. ಸಂದು ಕಡಿಮೆಯಾದರೆ ಕವಾಟ ಪೂರ್ತಿ ಮುಚ್ಚದೆ ಅಂಚು ಸುಡುತ್ತದೆ. ಹೆಚ್ಚಾದರೆ ಟಕಟಕ ಸದ್ದು. ಯಾವ ಕವಾಟವನ್ನು ಯಾವಾಗ ಅಳೆಯಬೇಕೆಂಬುದಕ್ಕೆ ಒಂಬತ್ತರ ಸೂತ್ರವಿದೆ. ಮೊದಲನೆಯದು ಪೂರ್ತಿ ತೆರೆದಾಗ ಎಂಟನೆಯದನ್ನು, ಎರಡನೆಯದು ತೆರೆದಾಗ ಏಳನೆಯದನ್ನು, ಮೂರಕ್ಕೆ ಆರು, ನಾಲ್ಕಕ್ಕೆ ಐದು, ಹಾಗೆಯೇ ಹಿಂದುಮುಂದಾಗಿ. ಎರಡು ಸಂಖ್ಯೆಗಳನ್ನು ಕೂಡಿದರೆ ಸದಾ ಒಂಬತ್ತು. ತಮ್ಮನ ಮಗಳು ಏಳನೆಯ ತರಗತಿಯಲ್ಲಿದ್ದಾಗ ಇದನ್ನು ಒಂದೇ ಸಲಕ್ಕೆ ಹಿಡಿದುಕೊಂಡಳು. ಅಂದಿನಿಂದ ಫೀಲರ್ ಗೇಜು ಅವಳ ವಶದಲ್ಲಿದೆ. ಡಿಸ್ಟ್ರಿಬ್ಯೂಟರಿನ ಪಾಯಿಂಟಿಗೆ 0.015 ಅಂಗುಲ, ಪ್ಲಗ್ಗಿಗೆ 0.025 ಅಂಗುಲ, ಕಿಡಿಯ ಸರದಿ ಒಂದು, ಮೂರು, ನಾಲ್ಕು, ಎರಡು ಎಂಬುದನ್ನು ಅವಳು ಮಗ್ಗಿಯಂತೆ ಒಪ್ಪಿಸುತ್ತಾಳೆ.

ಮೂರನೆಯ ಪಾಠ ನಮ್ಮ ನಾಡಿನ ಮಳೆಯದು. ಇದು ಯಾವ ಇಂಗ್ಲಿಷ್ ಕೈಪಿಡಿಯಲ್ಲೂ ಇಲ್ಲ. ಪತ್ತನಾಜೆ ಕಳೆಯುವುದರೊಳಗೆ ಕಾರಿನ ಅಡಿಭಾಗವನ್ನು ತೊಳೆದು, ಬಿಸಿಲಿನಲ್ಲಿ ಒಣಗಿಸಿ, ಚಾಸಿಸ್ಸಿನ ಪಕ್ಕದ ಕೈಗಳಲ್ಲಿ ನೀರು ಇಳಿಯುವ ತೂತುಗಳನ್ನು ತಂತಿಯಿಂದ ಬಿಡಿಸಿ, ತುಕ್ಕು ಹಿಡಿದಲ್ಲಿ ಉಜ್ಜಿ ಬಣ್ಣ ಬಳಿಯಬೇಕು. ಬ್ರೇಕಿನ ದ್ರವವು ಗಾಳಿಯ ತೇವವನ್ನು ಹೀರುವಂಥದು. ಅದನ್ನು ವರ್ಷಕ್ಕೊಮ್ಮೆ ಬದಲಿಸುತ್ತೇವೆ. ಕೊಳೆರೋಗಕ್ಕೆ ಬಿಡುವ ಮೈಲುತುತ್ತಿನ ಚೀಲವನ್ನೂ ಹಂಡೆಯನ್ನೂ ಕಾರಿನ ಹತ್ತಿರ ಇಡಲೇಬಾರದು. ತಾಮ್ರದ ಆ ದ್ರಾವಣ ಕಬ್ಬಿಣವನ್ನು ತಿನ್ನುತ್ತದೆ. ಇತ್ತೀಚೆಗೆ ಇನ್ನೊಂದು ಎಚ್ಚರವೂ ಸೇರಿದೆ. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇರುತ್ತದೆ. ಅದು ಹಳೆಯ ರಬ್ಬರನ್ನು ಉಬ್ಬಿಸಿ ಮೆದುವಾಗಿಸುತ್ತದೆ, ತೇವವನ್ನೂ ಎಳೆದುಕೊಳ್ಳುತ್ತದೆ. ಆದುದರಿಂದ ಪೆಟ್ರೋಲು ಹರಿಯುವ ಕೊಳವೆಗಳನ್ನೂ ಪಂಪಿನ ಪೊರೆಯನ್ನೂ ಎಥನಾಲ್ ತಡೆಯುವಂಥವಕ್ಕೆ ಬದಲಿಸಿದ್ದೇವೆ. ಆಟಿಯಲ್ಲಿ ಕಾರು ಓಡದಿದ್ದರೆ ಟ್ಯಾಂಕನ್ನೂ ಕಾರ್ಬ್ಯುರೇಟರನ್ನೂ ಬರಿದು ಮಾಡುತ್ತೇವೆ.

ಮನೆಯಲ್ಲಿ ಕೆಲಸ ಮಾಡುವವರಿಗೆ ಒಂದು ನಿಯಮವನ್ನು ಒತ್ತಿ ಹೇಳಬೇಕು. ಜಾಕಿಯ ಮೇಲಷ್ಟೇ ನಿಂತ ಕಾರಿನ ಕೆಳಗೆ ಯಾರೂ ತಲೆ ಹಾಕಬಾರದು. ನಮ್ಮ ಸೀಮೆಯಲ್ಲಿ ಕೈಗೆ ಸುಲಭವಾಗಿ ಸಿಗುವ ಮುರಕಲ್ಲನ್ನು ಆಧಾರಕ್ಕೆ ಇಡಲೂಬಾರದು; ಅದು ಭಾರಕ್ಕೆ ಮುನ್ಸೂಚನೆಯಿಲ್ಲದೆ ಪುಡಿಯಾಗುತ್ತದೆ. ಕಬ್ಬಿಣದ ಸ್ಟ್ಯಾಂಡುಗಳನ್ನು ಸಮನೆಲದ ಮೇಲೆ ಚಾಸಿಸ್ಸಿಗೆ ಕೊಟ್ಟು, ನೆಲದ ಮೇಲಿರುವ ಚಕ್ರಗಳಿಗೆ ಮರದ ತಡೆ ಇಟ್ಟು, ಕಾರನ್ನೊಮ್ಮೆ ಅಲುಗಿಸಿ ನೋಡಿದ ಮೇಲೆಯೇ ಕೆಲಸಕ್ಕೆ ತೊಡಗಬೇಕು. ನಮ್ಮ ಪುಸ್ತಕದ ಪ್ರತಿ ಪಾಠದ ಮೇಲೂ ಇದನ್ನು ಕೆಂಪು ಶಾಯಿಯಲ್ಲಿ ಬರೆದಿದ್ದೇವೆ.

ಕಾನೂನಿನ ವಿಚಾರವನ್ನೂ ತಿಳಿದಿರಬೇಕು. 2021ರಲ್ಲಿ ಕೇಂದ್ರ ಸರಕಾರವು 50 ವರ್ಷ ಮೀರಿದ, ಮೂಲರೂಪವನ್ನು ಉಳಿಸಿಕೊಂಡ ವಾಹನಗಳಿಗೆ ವಿಂಟೇಜ್ ಎಂಬ ಪ್ರತ್ಯೇಕ ನೋಂದಣಿಯನ್ನು ಏರ್ಪಡಿಸಿತು. ಹೊಸ ನೋಂದಣಿಗೆ 20,000 ರೂಪಾಯಿ, ಅವಧಿ 10 ವರ್ಷ. ಅಂಥ ವಾಹನವನ್ನು ಪ್ರದರ್ಶನ, ದುರಸ್ತಿ ಮೊದಲಾದ ಕೆಲವು ಕಾರಣಗಳಿಗಷ್ಟೇ ರಸ್ತೆಗೆ ಇಳಿಸಬಹುದು. ನಿತ್ಯದ ಓಡಾಟಕ್ಕೆ ಅನುಮತಿಯಿಲ್ಲ. ಇನ್ನೊಂದು ದಾರಿ, ಸಾಮಾನ್ಯ ನೋಂದಣಿಯನ್ನೇ ಐದು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ ನವೀಕರಿಸುವುದು. ಅದರ ಶುಲ್ಕ 2022ರಲ್ಲಿ ಏರಿತು, 2025ರಲ್ಲಿ ಮತ್ತೊಮ್ಮೆ ಏರಿತು. ನಾವು ಎರಡನೆಯ ದಾರಿಯನ್ನೇ ಹಿಡಿದಿದ್ದೇವೆ. ಓಡದ ಕಾರಿಗೆ ಎಣ್ಣೆ ಎರೆಯುವುದನ್ನು ಮನೆಯವರು ಮರೆಯುತ್ತಾರೆ ಎಂಬುದು ತಮ್ಮನ ವಾದ. ನಮಗೂ ಅದು ಒಪ್ಪಿಗೆ.

ಇಷ್ಟೆಲ್ಲ ಶ್ರಮ ಯಾಕೆ, ಆ ಹಣಕ್ಕೆ ಒಂದು ಹೊಸ ಕಾರು ಬರುತ್ತಿತ್ತಲ್ಲ ಎಂದು ಕೇಳುವವರಿದ್ದಾರೆ. ಮನೆಯಲ್ಲಿ ಹೊಸ ಕಾರೂ ಇದೆ. ಅವಸರಕ್ಕೆ ಅದೇ ಹೊರಡುತ್ತದೆ. ಹೆರಾಲ್ಡಿನ ಉಪಯೋಗ ಬೇರೆ. ಕಾಕನು ಹೋದಾಗ ಅವರೊಡನೆ ಎಷ್ಟೋ ವಿದ್ಯೆ ಮಣ್ಣಾಯಿತು; ನಮಗೆ ದಕ್ಕಿದುದು ನೆನಪಿನಲ್ಲಿ ಉಳಿದಷ್ಟು ಮಾತ್ರ. ಆ ಉಳಿದುದನ್ನು ಒಂದು ಪುಸ್ತಕದಲ್ಲಿ ಕೂಡಿಹಾಕಿ, ಒಂದು ಮಗುವಿನ ಕೈಗೆ ಇಳಿಸುವುದಕ್ಕೆ ಈ ಕಾರು ನೆಪ. ಕನ್ನಡದಲ್ಲಿ ಯಂತ್ರವಿದ್ಯೆಯನ್ನು ಬರೆಯುವುದೇ ಎಂದು ಮೊದಮೊದಲು ನಮಗೂ ಸಂಕೋಚವಿತ್ತು. ಅರುವತ್ತು ಪುಟ ಬರೆದ ಮೇಲೆ ಆ ಸಂಕೋಚ ಉಳಿದಿಲ್ಲ. ಗೇಜು, ಗ್ಯಾಸ್ಕೆಟ್ಟು, ಪಾಯಿಂಟುಗಳು ಹಾಗೆಯೇ ಕನ್ನಡ ವಾಕ್ಯದಲ್ಲಿ ಬಂದು ಕೂತವು. ಸಂದು, ಎಳೆ, ಕುತ್ತಿಗೆ, ಪೊರೆ ಎಂಬ ನಮ್ಮ ಮಾತುಗಳು ಅವಕ್ಕೆ ಜೊತೆಯಾದವು.

ನಮ್ಮ ವಾಚಕರ ಮನೆಗಳಲ್ಲಿಯೂ ಹಳೆಯ ಮೋಟರುಗಳು, ಪಂಪುಗಳು, ಹೊಲಿಗೆಯ ಯಂತ್ರಗಳು ಇದ್ದೇ ಇರುತ್ತವೆ. ಅವುಗಳ ಮರ್ಮ ಬಲ್ಲ ಹಿರಿಯರೂ ಊರಿಗೊಬ್ಬರಾದರೂ ಇರುತ್ತಾರೆ. ಅವರ ಬಳಿ ಕುಳಿತು, ಎಲ್ಲಿಗೆ ಎಣ್ಣೆ, ಎಲ್ಲಿಗೆ ಗ್ರೀಸು ಎಂಬುದನ್ನು ಕೇಳಿ ಬರೆದಿಟ್ಟುಕೊಳ್ಳಬೇಕೆಂದು ನಮ್ಮ ವಿನಂತಿ. ಒಂದು ನೋಟುಪುಸ್ತಕ, ಒಂದು ಪೆನ್ನು ಸಾಕು. ನಮ್ಮ ಪುಸ್ತಕದ ಕೊನೆಯ ಪುಟಗಳಲ್ಲಿ ಟ್ರನಿಯನ್ನಿಗೆ ಎಣ್ಣೆ ಎರೆದ ದಿನಾಂಕಗಳ ಪಟ್ಟಿಯಿದೆ: ಮಳೆಗೆ ಮೊದಲು ಒಂದು, ಮಳೆಯ ಬಳಿಕ ಒಂದು. ಮೊದಲಿನ ಸಾಲುಗಳು ನಮ್ಮ ಕೈಬರೆಹದಲ್ಲಿವೆ, ನಡುವಿನವು ತಮ್ಮನವು. ಕಳೆದ ಎರಡು ಮಳೆಗಾಲಗಳ ಸಾಲುಗಳನ್ನು ಬರೆದವಳು ಅವನ ಮಗಳು.